ಹಿಮ ಸರಿಸಿದವರು

ಹಿಮದ ಕೆಲಸ ಬಿಟ್ಟು ಹನುಮಂತನಿಗೆ ಇಪ್ಪತ್ತು ವರ್ಷದ ಮೇಲಾಗಿತ್ತು. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಚಾವಣಿಯ ತಗಡು ಮಾಡುವ ಕಾರ್ಖಾನೆಯೊಂದಕ್ಕೆ ಅವನು ಮೇಂಟೆನೆನ್ಸ್ ಮ್ಯಾನೇಜರ್ ಆಗಿ ಬಂದವನು. ಅದಕ್ಕೆ ಮೊದಲು ಏನು ಮಾಡುತ್ತಿದ್ದೆ ಎಂದು ಅಲ್ಲಿ ಯಾರೂ ಕೇಳಿರಲಿಲ್ಲ. ಕೇಳದಿದ್ದವರಿಗೆ ಹೇಳುವ ಅಭ್ಯಾಸ ಅವನಿಗೂ ಇರಲಿಲ್ಲ.

ಒಂದು ದಿನ ಚಹಾದ ಹೊತ್ತಿನಲ್ಲಿ ವರ್ಕ್‌ಶಾಪಿನ ಫೋರ್‌ಮನ್ ಕೆವಿನ್ ತನ್ನ ಫೋನನ್ನು ಎಲ್ಲರಿಗೂ ತೋರಿಸುತ್ತಿದ್ದ. ಅವನ ಅಕ್ಕ ಶೆರಿಲ್ ಕೆನಡಾದ ಎಡ್ಮಂಟನ್ನಿಗೆ ಹೋಗಿ ನೆಲೆಸಿದವಳು. ಅಲ್ಲಿ ವೃದ್ಧರ ಆಸ್ಪತ್ರೆಯೊಂದರಲ್ಲಿ ದುಡಿದು ದುಡಿದು ಬೇಸತ್ತು, ಈಗ ಸ್ವಂತದ್ದೊಂದು ಕಸುಬಿಗೆ ಕೈಹಾಕಿದ್ದಳು: ಚಳಿಗಾಲದಲ್ಲಿ ಅಂಗಡಿ, ಗೋದಾಮುಗಳ ಅಂಗಳದಿಂದ ಹಿಮ ಸರಿಸುವ ಗುತ್ತಿಗೆ. ಫೋನಿನಲ್ಲಿದ್ದದ್ದು ಅವಳು ಹರಾಜಿನಲ್ಲಿ ಕೊಳ್ಳಬೇಕೆಂದಿದ್ದ ಕೆಂಪು ಬಣ್ಣದ ಭಾರಿ ಯಂತ್ರ.

ಎಲ್ಲರೂ "ಸವಾ, ಸವಾ, ಚೆನ್ನಾಗಿದೆ" ಎಂದರು. ಹನುಮಂತ ಲೋಟ ಹಿಡಿದುಕೊಂಡೇ ಬಗ್ಗಿ ನೋಡಿದ.

"ಬೇಡ ಅಂತ ಹೇಳು. ಮುಂದಿರೋ ಸುರುಳಿ ಅಲಗು ಬೆಂಡಾಗಿದೆ. ಕಲ್ಲಿಗೆ ಹೊಡೆದಿದಾರೆ ಇದನ್ನ."

ಕೆವಿನ್ ಫೋನನ್ನೊಮ್ಮೆ, ಇವನ ಮುಖವನ್ನೊಮ್ಮೆ ನೋಡಿದ. "ನಿಮಗೆ ಹೇಗೆ ಗೊತ್ತು ಬಾಸ್? ಇಂಡಿಯಾದಲ್ಲಿ ಹಿಮ ಬೀಳುತ್ತಾ?"

ಬೀಳುತ್ತದೆ ಎಂದ ಹನುಮಂತ. ಹಿಮಾಲಯದ ಒಂದು ಕಣಿವೆಯಲ್ಲಿ ರಸ್ತೆ ತೆರೆದಿಡುವ ಗುತ್ತಿಗೆದಾರನ ಹತ್ತಿರ ಯಂತ್ರಗಳನ್ನು ನೋಡಿಕೊಳ್ಳುವ ಇಂಜಿನಿಯರ್ ಆಗಿದ್ದೆ ಎಂದ. ಅಷ್ಟು ಹೇಳುವಾಗಲೇ ಮೂಗಿನಲ್ಲಿ ಎಂದಿನದೋ ವಾಸನೆ ಬಂದಂತಾಯಿತು. ಹೊಗೆ ಹಿಡಿದ ಕಂಬಳಿ, ಡೀಸೆಲ್, ಸೀದ ಹಾಲು.

ಆ ಶನಿವಾರ ಸಂಜೆ ಕೆವಿನ್ ಪಾರ್ಕ್‌ಲ್ಯಾಂಡ್ಸಿನ ಹನುಮಂತನ ಮನೆಗೆ ಬಂದ. ಇಲ್ಲಿ ಸಂಜೆಯಾದರೆ ಅಲ್ಲಿ ಬೆಳಗು. ಹನುಮಂತನ ಹೆಂಡತಿ ಚಿತ್ರಾ ಚಹಾ, ಒಗ್ಗರಣೆ ಮಂಡಕ್ಕಿ ಇಟ್ಟು ಅಡುಗೆಮನೆಗೆ ಹೋದಳು. ಫೋನಿನಲ್ಲಿ ದಪ್ಪ ಜಾಕೆಟ್ಟಿನ, ದುಂಡು ಮುಖದ ಶೆರಿಲ್ ಕಾಣಿಸಿಕೊಂಡಳು. ಹಿರಿಯರನ್ನು ಕರೆಯುವ ಹಾಗೆ ಅವನನ್ನು ಮ್ಜೇ ಎಂದು ಕರೆದು, ಇಂಗ್ಲಿಷಿಗೆ ಸ್ವಾಹಿಲಿ ಬೆರೆಸಿ ನೇರವಾಗಿ ವಿಷಯಕ್ಕೆ ಬಂದಳು.

"ಆ ಯಂತ್ರ ಯಾಕೆ ಬೇಡ ಮ್ಜೇ? ದೊಡ್ಡದಿದ್ದರೆ ದೊಡ್ಡ ಕೆಲಸ ಸಿಗುತ್ತಲ್ಲ."

"ಆನೆ ಸಾಕಿದ ಹಾಗೆ ಆಗುತ್ತಮ್ಮ. ಅದರ ಹೊಟ್ಟೆ ತುಂಬಿಸೋಕೆ ನೀನು ಊರೆಲ್ಲ ಕೆಲಸ ಹುಡುಕಿಕೊಂಡು ಓಡಬೇಕು. ಮೊದಲು ಕೆಲಸ ಹಿಡಿ, ಆಮೇಲೆ ಕೆಲಸದ ಅಳತೆಗೆ ಯಂತ್ರ. ನಿನ್ನ ಹತ್ತಿರ ಪಿಕಪ್ ಇದೆ ತಾನೆ? ಅದರ ಮುಂದೆ ಹಿಮ ತಳ್ಳೋ ಹಲಗೆ ಕಟ್ಟಿಸು. ಮೂಲೆಗಳಿಗೆ, ಹಿಮ ಎತ್ತಿ ಎಸೆಯೋಕೆ, ಕೈಯಲ್ಲಿ ತಳ್ಳೋ ಸಣ್ಣ ಬ್ಲೋವರ್ ಒಂದು. ಈ ವರ್ಷಕ್ಕೆ ಅಷ್ಟು ಸಾಕು."

"ಕೆಲಸ ಎಲ್ಲೆಲ್ಲೋ ಸಿಗ್ತಾ ಇದೆ. ಏರ್‌ಪೋರ್ಟ್ ಹತ್ತಿರ ಒಂದು, ಊರಿನ ಆ ತುದಿಗೊಂದು..."

"ಒಂದೇ ಬೀದಿ ಹಿಡಿ. ಹಿಮ ಬಿದ್ದ ದಿನ ಎಲ್ಲರಿಗೂ ಒಂದೇ ಹೊತ್ತಿಗೆ ಅಂಗಳ ಕ್ಲೀನಾಗಬೇಕು. ಅವತ್ತು ನೀನು ಟ್ರಾಫಿಕ್ಕಲ್ಲಿ ಕೂತಿದ್ರೆ, ಎಂಥಾ ಯಂತ್ರ ಇದ್ದು ಏನು ಬಂತು?"

ಇಂಡಸ್ಟ್ರಿಯಲ್ ಏರಿಯಾದ ಲಾರಿ ಸಾಲುಗಳಲ್ಲಿ ದಿನವೂ ಸಿಕ್ಕಿಹಾಕಿಕೊಳ್ಳುವ ಕೆವಿನ್ ಇದಕ್ಕೆ ಜೋರಾಗಿ ತಲೆಯಾಡಿಸಿದ.

ಅಲ್ಲಿಂದ ಶನಿವಾರಗಳು ಹಾಗೇ ನಡೆದವು. ಹಿಮ ಬೀಳುವ ಮೊದಲೇ ಅಂಗಳವನ್ನೆಲ್ಲ ಕಾಲಲ್ಲಿ ತುಳಿದು ನೋಡಬೇಕು, ಮೋರಿಯ ಬಾಯಿ, ಕಲ್ಲಿನ ಅಂಚು ಇರುವಲ್ಲೆಲ್ಲ ಬಣ್ಣದ ಕೋಲು ನೆಡಬೇಕು ಎಂದು ಹನುಮಂತ ಹೇಳಿಕೊಟ್ಟ. ಬಿದ್ದ ಮೇಲೆ ಎಲ್ಲವೂ ಒಂದೇ ಬಿಳುಪು, ಹಲಗೆಗೆ ಕಣ್ಣಿಲ್ಲ. ಸರಿಸಿದ ಹಿಮವನ್ನು ಎತ್ತರದ ಕಡೆ ಗುಡ್ಡೆ ಹಾಕಿದರೆ ಹಗಲು ಕರಗಿ ಇಳಿದ ನೀರು ಕತ್ತಲಾದಂತೆ ಗಾಜಾಗುತ್ತದೆ, ಅದರ ಮೇಲೆ ಜಾರಿ ಬಿದ್ದವರು ನಿನ್ನ ಹೆಸರೇ ಹೇಳುತ್ತಾರೆ ಎಂದ. ಚಳಿ ತೀರಾ ಏರಿದರೆ ಹಿಮ ಕರಗಿಸುವ ಉಪ್ಪು ಕೆಲಸ ಮಾಡದು, ಆಗ ಕಾಲು ಜಾರದಂತೆ ಹರಡಲು ಮರಳೇ ಗತಿ. ಎಷ್ಟು ಬಿದ್ದರೆ ಬರುತ್ತೇವೆ, ಬರೀ ತಳ್ಳುವುದೋ ಉಪ್ಪು ಹಾಕುವುದೂ ಸೇರಿದೆಯೋ, ಎಲ್ಲವನ್ನೂ ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ಬಾಯಿಮಾತಿನ ಕೆಲಸ ಹಿಮದ ಜೊತೆಗೇ ಕರಗಿಹೋಗುತ್ತದೆ.

ಒಂದೊಂದು ಬುದ್ಧಿಮಾತಿನ ಹಿಂದೆಯೂ ಒಂದೊಂದು ನೆನಪು ಎದ್ದು ಬರುತ್ತಿತ್ತು. ಹೇಳುತ್ತ ಹೇಳುತ್ತ ಅವನು ಕಣಿವೆಗೇ ಹೋಗಿಬಿಡುತ್ತಿದ್ದ. ಅಲ್ಲಿನ ತಗಡಿನ ಶೆಡ್ಡು, ನಡುವೆ ಸೀಮೆಎಣ್ಣೆಯ ಒಲೆ, ಕಿಟಕಿಯ ಮಟ್ಟಕ್ಕೆ ಏರಿದ ಹಿಮದೊಳಗಿಂದ ಸೋಸಿ ಬರುವ ನೀಲಿ ಬೆಳಕು. ಯಂತ್ರ ಓಡಿಸುತ್ತಿದ್ದವನು ನಂಜನಗೂಡಿನ ವಿಜಿ. ಅಷ್ಟು ದೂರದಲ್ಲಿ ಕನ್ನಡ ಬಲ್ಲವರು ಅವರಿಬ್ಬರೇ. ವಿಜಿಗೆ ಊರಿಂದ ರಾಗಿಹಿಟ್ಟು ಬರುತ್ತಿತ್ತು. ಆ ಎತ್ತರದಲ್ಲಿ ನೀರಿಗೆ ಕುದಿ ಬಂದರೂ ಕಾವು ಸಾಲದೆ ಮುದ್ದೆ ಬೇಯುತ್ತಲೇ ಇರಲಿಲ್ಲ. ಹಸಿ ಹಸಿ ಮುದ್ದೆಯನ್ನು ಇಬ್ಬರೂ ನಗುತ್ತ ನುಂಗುತ್ತಿದ್ದರು.

"ಇದೆಲ್ಲ ನಂಗ್ಯಾವತ್ತೂ ಹೇಳೇ ಇಲ್ವಲ್ರೀ," ಎಂದಳು ಚಿತ್ರಾ ಒಂದು ಶನಿವಾರ, ಕೆವಿನ್ ಹೋದ ಮೇಲೆ. ಆ ವರ್ಷಗಳಲ್ಲಿ ಅವಳು ಮೈಸೂರಿನಲ್ಲಿ ಮಗಳನ್ನಿಟ್ಟುಕೊಂಡು ಇದ್ದವಳು. ವಾರಕ್ಕೊಮ್ಮೆ ಬರುತ್ತಿದ್ದ ಫೋನಿನಲ್ಲಿ ಅವನು ಹೇಳುತ್ತಿದ್ದದ್ದು ಎರಡೇ ಮಾತು: ಚೆನ್ನಾಗಿದೀನಿ, ಚಳಿ ಇದೆ.

"ಏನಂತ ಹೇಳೋದು? ನೀನು ಹೆದರ್ತಿದ್ದೆ."

"ಹೆದರ್ಕೊಂಡೇ ಇದ್ದೆ. ಗೊತ್ತಿದ್ದು ಹೆದರ್ಬೋದಿತ್ತು," ಎಂದಳು ಅವಳು. ಮಾರನೆಯ ಶನಿವಾರದಿಂದ ಅಡುಗೆಮನೆಗೆ ಹೋಗದೆ ತಾನೂ ಕುರ್ಚಿ ಎಳೆದುಕೊಂಡು ಕೂತಳು.

ಡಿಸೆಂಬರಿನಲ್ಲಿ ಎಡ್ಮಂಟನ್ನಿಗೆ ದೊಡ್ಡ ಹಿಮ ಬಿತ್ತು. ಆ ಸಂಜೆ ಶೆರಿಲ್ ಕೆಲಸದ ಜಾಗದಿಂದಲೇ ಫೋನು ಮಾಡಿದಳು. ಮುಖದಲ್ಲಿ ದಣಿವು, ಖುಷಿ ಎರಡೂ ಇದ್ದವು. ಹಿಂದೆ ಅವಳ ಕೆಲಸಗಾರನೊಬ್ಬ ಸಣ್ಣ ಬ್ಲೋವರಿನ ಪಕ್ಕ ನಿಂತಿದ್ದ. ಒದ್ದೆ ಹಿಮ ಅಂಟಿಕೊಂಡು ಅದನ್ನು ಹೊರಗೆ ಎಸೆಯುವ ಕೊಳವೆ ಕಟ್ಟಿಹೋಗಿತ್ತು.

"ಇಂಜಿನ್ ಆಫ್ ಮಾಡಿದೀವಿ ಮ್ಜೇ, ಈಗ ತೆಗೆದುಬಿಡ್ತಾನೆ," ಎಂದಳು. ಕೆಲಸಗಾರ ಬಗ್ಗಿ ಕೈಗವಸಿನ ಕೈಯನ್ನು ಕೊಳವೆಯೊಳಗೆ ಇಳಿಸುತ್ತಿದ್ದ.

"ಬೇಡ್ವೋ! ಕೈ ತೆಗಿಯೋ!" ಹನುಮಂತ ಎದ್ದು ನಿಂತು ಕೂಗಿದ. ಕೂಗಿದ್ದು ಕನ್ನಡದಲ್ಲಿ. ಮಾತು ಅರ್ಥವಾಗದಿದ್ದರೂ ಆ ದನಿಗೆ ಅಲ್ಲಿ ಎಲ್ಲರೂ ಕಲ್ಲಿನಂತೆ ನಿಂತರು. ಕೆಲಸಗಾರ ಕೈ ಹೊರಗೆಳೆದ.

"ಕೋಲು," ಎಂದ ಹನುಮಂತ ಈಗ ಇಂಗ್ಲಿಷಿನಲ್ಲಿ, ಉಸಿರು ಹಿಡಿದು. "ಕೋಲು ಹಾಕಿ ತೆಗೀರಿ."

ಗುರುತಿಗೆ ನೆಟ್ಟಿದ್ದ ಕೋಲೊಂದನ್ನು ಕಿತ್ತು ಕೊಳವೆಗೆ ತುರುಕಿದರು. ಹಿಮದ ಗಡ್ಡೆ ಸಡಿಲವಾದದ್ದೇ ತಡ, ಸತ್ತಂತಿದ್ದ ಯಂತ್ರದ ಒಳಗಿನ ಚಕ್ರ ಒಮ್ಮೆ ಗರ್ರನೆ ತಿರುಗಿತು. ಕೋಲು ಎರಡು ತುಂಡಾಯಿತು. ಕೆಲಸಗಾರ ತನ್ನ ಕೈಗವಸು ಬಿಚ್ಚಿ ಬೆರಳುಗಳನ್ನು ನೋಡಿಕೊಂಡ.

"ಬೆಲ್ಟಿನಲ್ಲಿ ಬಿಗಿ ಉಳಿದಿರುತ್ತೆ," ಎಂದ ಹನುಮಂತ. "ಇಂಜಿನ್ ಆಫ್ ಮಾಡಿದ್ರೂ ಅದು ಕಾಯ್ತಾ ಇರುತ್ತೆ."

ಫೋನು ಇಟ್ಟು ಅವನು ಮತ್ತೆ ಕುರ್ಚಿಯಲ್ಲಿ ಕೂತ. ಚಿತ್ರಾ ನೀರು ತಂದುಕೊಟ್ಟು ಪಕ್ಕದಲ್ಲಿ ಕೂತಳು.

"ಯಾರಿಗೆ ಆಗಿತ್ತು?"

"ವಿಜಿಗೆ. ಕೊನೇ ಚಳಿಗಾಲ. ನಾನು ಕಾಮಾಲೆ ಆಗಿ ಕೆಳಗಿನ ಊರಲ್ಲಿ ಮಲಗಿದ್ದೆ. ಎರಡು ಬೆರಳು ಹೋಯ್ತು. ನಾನು ಮೇಲೆ ಹೋಗೋ ಹೊತ್ತಿಗೆ ಅವನನ್ನ ಊರಿಗೆ ಕಳಿಸಿಬಿಟ್ಟಿದ್ರು. ಆಮೇಲೆ... ಫೋನ್ ಮಾಡಿ ಏನಂತ ಮಾತಾಡೋದು? ಕೈ ಹೇಗಿದೆ ಅಂತ ಕೇಳೋದಾ? ಅಂದ್ಕೊಂಡು ಅಂದ್ಕೊಂಡು ವರ್ಷಗಳೇ ಆಗೋದ್ವು."

ಚಿತ್ರಾ ತನ್ನ ಫೋನು ಕೈಗೆತ್ತಿಕೊಂಡಳು. ಮೈಸೂರಿನಲ್ಲಿದ್ದ ತನ್ನ ಅಣ್ಣನ ಮಗ ಶಮಂತನಿಗೆ ಮೆಸೇಜು ಹಾಕಿದಳು. ಅವನು ಭಾನುವಾರ ಬೈಕು ಹತ್ತಿ ನಂಜನಗೂಡಿಗೆ ಹೋಗಿ, ಹಿಮಾಲಯದಲ್ಲಿ ಕೆಲಸ ಮಾಡಿದ ವಿಜಿ ಯಾರು ಎಂದು ಕೇಳಿದ. ಮೂರನೆಯ ಅಂಗಡಿಯವನೇ ದಾರಿ ತೋರಿಸಿದನಂತೆ. ಆ ಊರಲ್ಲಿ ಹಿಮ ನೋಡಿದವನು ಎಂದರೆ ಅವನೊಬ್ಬನೇ.

ನಂಬರು ಒತ್ತಿ ಫೋನನ್ನು ಗಂಡನ ಕೈಗೆ ಕೊಟ್ಟವಳೂ ಅವಳೇ.

"ಯಾರು?" ಎಂದಿತು ಅತ್ತಲಿಂದ ಒರಟು ದನಿ. ಹಿಂದೆ ಟ್ರ್ಯಾಕ್ಟರಿನ ಸದ್ದು.

"ವಿಜಿ, ನಾನು ಕಣೋ. ಹನುಮಂತ."

ಟ್ರ್ಯಾಕ್ಟರ್ ನಿಂತಿತು.

"ಸಾರ್! ಇನ್ನೂ ಬದುಕಿದ್ದೀರಾ ಸಾರ್?"

ಹನುಮಂತ ನಕ್ಕ. "ಕೈ... ಕೈ ಹೇಗಿದೆಯೋ?"

"ಇರೋ ಬೆರಳು ಚೆನ್ನಾಗವೆ ಸಾರ್. ಟ್ರ್ಯಾಕ್ಟರ್ ರಿಪೇರಿ ಮಾಡ್ತಾವೆ, ಮುದ್ದೆ ಮುರೀತಾವೆ. ಇನ್ನೆರಡು ಅಲ್ಲೇ ಐಸೊಳಗವೆ. ಕೆಡಕ್ಕಿಲ್ಲ ಬುಡಿ."

ಅದನ್ನು ಕೇಳಿ ಚಿತ್ರಾ ಮೊದಲು ಬೆಚ್ಚಿದಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಂದು ಗೆಳೆಯರಿಬ್ಬರೂ ಸತ್ತವರನ್ನು, ಇದ್ದವರನ್ನು, ಶೆಡ್ಡಿಗೆ ಬರುತ್ತಿದ್ದ ಮೋಟು ಬಾಲದ ನಾಯಿಯನ್ನು ನೆನೆದು ನೆನೆದು ಮಾತಾಡಿದರು. ಬೆರಳಿನ ಮಾತು ಮತ್ತೆ ಬರಲಿಲ್ಲ.

ಆಮೇಲಿನ ಶನಿವಾರಗಳಿಗೆ ವಿಜಿಯೂ ಬಂದು ಸೇರಿದ. ಅವನದು ಕನ್ನಡ, ಶೆರಿಲಳದು ಇಂಗ್ಲಿಷು, ಮಧ್ಯೆ ಹನುಮಂತ. ಕೆಲಸ ಮುಗಿದ ಮೇಲೆ ಯಂತ್ರವನ್ನು ಸ್ವಲ್ಪ ಹೊತ್ತು ಖಾಲಿ ಓಡಿಸಿ ಒಳಗಿನ ತೇವ ಹಾರಿಸಬೇಕು, ಕೊಳವೆಯ ಒಳಮೈಗೆ ಮೇಣ ಸವರಿದರೆ ಹಿಮ ಅಂಟುವುದಿಲ್ಲ ಎಂದು ವಿಜಿ ಹೇಳಿದ. ಮೇಣ ಸವರಿದ್ದು ಕೆಲಸಕ್ಕೆ ಬಂತು. ಎಲ್ಲವೂ ಹೂವೆತ್ತಿದ ಹಾಗೆ ನಡೆಯಿತೆಂದಲ್ಲ. ತಡವಾಗಿ ಬಂದಳೆಂದು ಗಿರಾಕಿಯೊಬ್ಬ ಬೇರೆಯವರನ್ನು ಹಿಡಿದ. ಪಿಕಪ್ಪಿನ ಗೇರ್‌ಬಾಕ್ಸ್ ಜನವರಿಯಲ್ಲಿ ಕೈಕೊಟ್ಟಿತು. ಆದರೂ ಹಿಡಿದ ಬೀದಿಯನ್ನು ಶೆರಿಲ್ ಬಿಡಲಿಲ್ಲ. ಮುಂದಿನ ಚಳಿಗಾಲಕ್ಕೆಂದು ಆಗಲೇ ಆ ಬೀದಿಯ ಬೇಕರಿಯವರು, ಔಷಧಿ ಅಂಗಡಿಯವರು ತಾವಾಗಿಯೇ ಕೇಳಿಕೊಂಡು ಬಂದರು.

ಮಾರ್ಚಿನಲ್ಲಿ ಆ ವರ್ಷದ ಕೊನೆಯ ಹಿಮ ಬಿದ್ದಿತ್ತು. ನೈರೋಬಿಯಲ್ಲಿ ಮೊದಲ ಮಳೆಗೆ ಮೋಡ ಕಟ್ಟುತ್ತಿತ್ತು. ಕೆಲಸದ ಮಾತೆಲ್ಲ ಮುಗಿದ ಮೇಲೆ ವಿಜಿ ಸಂಕೋಚದಿಂದ, "ಸಾರ್, ಆ ಯಮ್ಮಂಗೆ ಒಂದು ಮಾತು ಹೇಳ್ತೀರಾ? ಫೋನು ನೆಲದತ್ರ ಹಿಡ್ಕೊಂಡು ಒಸಿ ನಡೀಲಿ. ಆ ಸದ್ದು ಕೇಳ್ಬೇಕು," ಎಂದ.

ಹನುಮಂತ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಶೆರಿಲ್ ಯಾಕೆಂದು ಕೇಳಲಿಲ್ಲ. ಯಾರೂ ತುಳಿಯದ ಹಿಮ ಉಳಿದಿದ್ದ ಗೋದಾಮಿನ ಹಿತ್ತಲಿಗೆ ಹೋಗಿ, ಬಗ್ಗಿ, ಫೋನನ್ನು ತನ್ನ ಬೂಟುಗಳ ಪಕ್ಕ ಹಿಡಿದು ನಿಧಾನವಾಗಿ ನಡೆದಳು.

ಕರಕ್, ಕರಕ್, ಕರಕ್.

ನಂಜನಗೂಡಿನಲ್ಲಿ ವಿಜಿ "ಹಾಂ" ಎಂದ. ಹನುಮಂತ ಕಣ್ಣು ಮುಚ್ಚಿಕೊಂಡ. ಚಿತ್ರಾ ಅವನ ಪಕ್ಕಕ್ಕೆ ವಾಲಿ ಕಿವಿಯನ್ನು ಫೋನಿನ ಹತ್ತಿರ ತಂದಳು.

"ಇನ್ನೊಂಚೂರು ನಡೀಲಿ ಅನ್ರೀ," ಎಂದಳು.