ಗಾಳಿ ಇದ್ದರೆ ಮುಟ್ಟಬಾರದು

ರಸ್ತೆ ಬದಿಯಲ್ಲಿ ಬಿಟ್ಟುಹೋದ ಸೈಕಲ್ಲಿನ ಬುಟ್ಟಿಯೊಳಗೆ ಕೈ ಹಾಕದೆ ಬದುಕುವವರು ಪುಣ್ಯವಂತರು. ಹಳೆ ಸೈಕಲ್ಲಿನ ಅಂಗಡಿ ಮನೆಯ ಸೊಸೆಗೆ ಆ ಪುಣ್ಯ ಇರಲಿಲ್ಲ. ಒಂದು ಸೈಕಲ್ಲು ನಾಲ್ಕು ದಿನ ಅದೇ ಜಾಗದಲ್ಲಿ ಅಲುಗಾಡದೆ ನಿಂತಿತೆಂದರೆ ಸಾಕು, ಇಡೀ ಬೀದಿಗೆ ಅದೇ ಕಸದ ತೊಟ್ಟಿ. ಮೊದಲು ಯಾರೋ ಒಬ್ಬ ದೊಡ್ಡ ಮನುಷ್ಯ ಕುಡಿದ ಕಾಗದದ ಲೋಟ ಇಟ್ಟುಹೋಗುತ್ತಾನೆ. ಅದರ ಬೆನ್ನಿಗೇ ಬಾಳೆಹಣ್ಣಿನ ಸಿಪ್ಪೆ ಬರುತ್ತದೆ, ಆಮೇಲೆ ಯಾವುದೋ ಮಗುವಿನ ಡೈಪರು. ಈ ಸಲದ್ದರಲ್ಲಿ ಅರ್ಧ ಕಚ್ಚಿದ ಬ್ರೆಡ್ಡು, ಬ್ರೆಡ್ಡಿನ ತುಂಬ ಇರುವೆ, ಅದರಡಿಯಲ್ಲಿ ಏನೆಂದು ಹೇಳಲಾಗದ ಒದ್ದೆ ಮುದ್ದೆ ಇತ್ತು. ಸೀಟಿನ ಮೇಲೆ ಯಾರೋ ಗುರಿಯಿಟ್ಟು ಉಗಿದಿದ್ದರು.

"ಥೂ, ಏನು ಜನಾನೋ! ನಾಯಿ ಆದ್ರೂ ಕಾಲೆತ್ತೋಕೆ ಮುಂಚೆ ಜಾಗ ನೋಡುತ್ತೆ," ಎಂದು ಅವಳು ಮೂಗು ಮುರಿದಳು.

ಗಂಡ ಮೂರು ಚಕ್ರದ ಗಾಡಿಯನ್ನು ಆಸ್ಪತ್ರೆಯ ಗೋಡೆಗೆ ಒತ್ತಿ ನಿಲ್ಲಿಸಿದ. "ಬೈಯೋದು ದಾರೀಲಿ ಬೈದ್ರಾಯ್ತು. ಈಗ ಹಿಂದಿನ ಚಕ್ರ ಹಿಡ್ಕೋ."

ಅವಳು ಹಿಡಿದುಕೊಂಡಳು. ಸೀಟಿನಿಂದ ಚಕ್ರಕ್ಕೆ ಇಳಿದಿದ್ದ ಉಗುಳು ಅಂಗೈಗೆ ತಾಗಿತು. ಹಾಗಿದ್ದೂ ಕೈ ಬಿಡಲಿಲ್ಲ, ಬಿಟ್ಟರೆ ಸೈಕಲ್ಲು ಗಂಡನ ಕಾಲ ಮೇಲೆ ಬೀಳುತ್ತಿತ್ತು.

ಜನ ಬಿಸಾಡಿದ ಸೈಕಲ್ಲುಗಳನ್ನು ತಂದು, ಬಿಚ್ಚಿ, ತೊಳೆದು, ಬೇಕಾದರೆ ಒಂದರ ಚಕ್ರವನ್ನು ಇನ್ನೊಂದಕ್ಕೆ ಹಾಕಿ, ಬಣ್ಣ ಹೊಡೆದು ಮಾರುವುದು ಆ ಮನೆಯ ಕಸುಬು. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ. ಗಂಡ ಎತ್ತಿ ತರುವವನು, ಬೆಸುಗೆ ಹಾಕುವವನು. ಸೊಸೆ ತೊಳೆಯುವವಳು, ಪಂಕ್ಚರ್ ನೋಡುವವಳು, ಬಣ್ಣ ಹೊಡೆಯುವವಳು. ಮಾವ ಮಾತಾಡುವವರು.

ಮಾತಿನಲ್ಲಿ ಮಾವನನ್ನು ಮೀರಿಸಿದವರು ಆ ಬೀದಿಯಲ್ಲಿ ಇರಲಿಲ್ಲ. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ, ಆದರೂ ಎಲ್ಲರೂ ಅವರನ್ನು ನೀತಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಕಾರಣ, ಅವರು ಮಾಡಿಟ್ಟ ಒಂದು ನಿಯಮ. ರಸ್ತೆ ಬದಿಯ ಸೈಕಲ್ಲು ಕಂಡರೆ ಮೊದಲು ಟೈರು ಒತ್ತಿ ನೋಡಬೇಕು. ಗಾಳಿ ಇದ್ದರೆ ಅದಕ್ಕೆ ಯಾರೋ ಇದ್ದಾರೆ, ಮುಟ್ಟಬಾರದು. ಗಾಳಿ ಇಲ್ಲದಿದ್ದರೆ ಎಂಟು ದಿನ ಕಾಯಬೇಕು. ಎಂಟು ದಿನವಾದರೂ ಯಾರೂ ಬಂದು ಗಾಳಿ ತುಂಬಿಸಲಿಲ್ಲವೆಂದರೆ ಅದು ದಿಕ್ಕುದೆಸೆ ಇಲ್ಲದ್ದು, ತರಬಹುದು. ಅಂಗಡಿಗೆ ಬಂದ ಗಿರಾಕಿಗೆಲ್ಲ ಮಾವ ಇದನ್ನು ಹೇಳುತ್ತಿದ್ದರು, ಕೇಳದಿದ್ದರೂ ಹೇಳುತ್ತಿದ್ದರು. ಸುತ್ತಮುತ್ತ ಕದ್ದ ಸೈಕಲ್ಲು ಮಾರುವ ಅಂಗಡಿಗಳಿಗೆ ಬರವಿರಲಿಲ್ಲ. ಹಾಗಾಗಿ ಜನ ಎರಡು ಬೀದಿ ದಾಟಿ ಇಲ್ಲಿಗೇ ಬರುತ್ತಿದ್ದರು.

ಸೊಸೆ ಆ ಹೊಲಸನ್ನೆಲ್ಲ ಸಹಿಸಿಕೊಂಡಿದ್ದು ಈ ಒಂದು ನಿಯಮದ ಬಲದ ಮೇಲೆ. ಅವಳ ಅಕ್ಕ ಬಂದಾಗಲೆಲ್ಲ ಕುರ್ಚಿಯ ಅಂಚಿನಲ್ಲಿ ಕೂತು, "ನಿನ್ನ ಉಗುರು ನೋಡ್ಕೊಂಡಿದೀಯೇನೇ? ಕಸ ಆಯೋರ ಮನೆಗೆ ಕೊಟ್ಟಂಗಾಯ್ತು," ಎನ್ನುತ್ತಿದ್ದಳು. "ಕೈ ಹೊಲಸಾದ್ರೂ ಕಸುಬು ಚೊಕ್ಕ ಕಣೇ. ಇನ್ನೊಬ್ಬರದ್ದು ಒಂದು ನಟ್ಟು ಕೂಡ ನಮ್ಮನೇಲಿಲ್ಲ," ಎಂದು ಇವಳು ತಲೆಯೆತ್ತಿ ಹೇಳುತ್ತಿದ್ದಳು. ಅವಳ ಹತ್ತಿರ ಇದ್ದ ಆಸ್ತಿ ಅದೊಂದೇ. ಅದೂ ಹೋದರೆ ಉಳಿಯುವುದು ಬರೀ ಹೊಲಸು.

ಆಸ್ಪತ್ರೆ ಗೋಡೆಯ ಆ ಹಸಿರು ಸೈಕಲ್ಲನ್ನು ಅಂಗಡಿಗೆ ತಂದು ತೊಳೆದ ಮೇಲೆ ನೋಡಿದರೆ, ಒಳ್ಳೆ ಗಟ್ಟಿಮುಟ್ಟಾಗಿತ್ತು. ಚೈನಿಗೆ ಎಣ್ಣೆ ಕೂಡ ಹಾಕಿದ್ದರು. ಹರಿದ ಸೀಟಿಗೆ ಯಾರೋ ಹಳೆ ಮಳೆಕೋಟಿನ ತೋಳು ಕತ್ತರಿಸಿ ನೀಟಾಗಿ ಕವರು ಹೊಲಿದಿದ್ದರು. ಸೊಸೆ ಕವರು ಬಿಚ್ಚಿ ಬಿಸಾಕಿ, ಟ್ಯೂಬು ಹೊರಗೆಳೆದು, ಗಾಳಿ ಹೊಡೆದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿದಳು. ತೂತಿದ್ದ ಕಡೆ ಗುಳ್ಳೆ ಬರಬೇಕು. ಸುತ್ತಲೂ ತಿರುಗಿಸಿ ನೋಡಿದಳು, ಒಂದೂ ಬರಲಿಲ್ಲ. ಎರಡನೆಯ ಟ್ಯೂಬೂ ಅಷ್ಟೇ. ಹೋದ ಸಲ ತಂದದ್ದರಲ್ಲೂ, ಅದರ ಹಿಂದಿನದರಲ್ಲೂ ಹೀಗೇ ಆಗಿತ್ತು.

"ತೂತೇ ಇಲ್ಲ ಕಣ್ರೀ. ಮತ್ತೆ ಗಾಳಿ ಎಲ್ಲಿ ಹೋಯ್ತು?"

"ಹಳೇ ಟ್ಯೂಬು, ತಾನಾಗೇ ಇಳಿದಿರುತ್ತೆ," ಎಂದ ಗಂಡ. "ಹೊಸ ಟ್ಯೂಬಿನ ಖರ್ಚು ಉಳೀತಲ್ಲ, ಅದಕ್ಕೂ ಅಳ್ತೀಯಾ?"

ಅವಳು ನಕ್ಕಳು. ವಾಲ್ವಿನ ಪುಟ್ಟ ಮುಚ್ಚಳ ಎರಡೂ ಚಕ್ರದಲ್ಲಿ ಇರಲಿಲ್ಲ. ಹಳೆ ಸಾಮಾನಿನ ಡಬ್ಬದಿಂದ ಬೇರೆ ಎರಡು ಹುಡುಕಿ ಹಾಕಿದಳು.

ಅದೇ ದಿನ ಸಂಜೆ ಬಟ್ಟೆ ಒಗೆಯಲು ಕೂತಳು. ಮಾವ ದಿನಾ ಸಂಜೆ ಬಿಳಿ ಅಂಗಿ ತೊಟ್ಟು, ಕೈ ಹಿಂದೆ ಕಟ್ಟಿಕೊಂಡು ಅಡ್ಡಾಡಿ ಬರುವವರು. ಎಲ್ಲೆಲ್ಲಿ ಸೈಕಲ್ಲು ಬಿದ್ದಿದೆ ಎಂದು ಸುದ್ದಿ ತರುವವರೂ ಅವರೇ. ಆ ಅಂಗಿಯ ಹೊರಗು ಎಷ್ಟು ಬಿಳುಪೋ ಜೇಬು ಅಷ್ಟೇ ಗಲೀಜು. ಉಸಿರು ಬಿಗಿಹಿಡಿದು ಕೈ ಹಾಕಿದಳು. ಮೂಗೊರೆಸಿ ಮಡಚಿಟ್ಟ ಕಾಗದ ಸಿಕ್ಕಿತು. ಅರ್ಧ ಚೀಪಿ ಮತ್ತೆ ಸುತ್ತಿಟ್ಟ ಪೆಪ್ಪರ್‌ಮಿಂಟು, ಹಲ್ಲು ಚುಚ್ಚಿ ತುದಿ ಜಜ್ಜಿದ ಕಡ್ಡಿಗಳು. ಅವುಗಳ ನಡುವೆ, ಪೆಪ್ಪರ್‌ಮಿಂಟಿನ ಅಂಟಿಗೆ ಮೆತ್ತಿಕೊಂಡು, ವಾಲ್ವಿನ ಮುಚ್ಚಳಗಳು. ಒಂದು ಹಿಡಿ ಇದ್ದವು.

ಕಡ್ಡಿಗಳನ್ನು ನೋಡಿದಳು, ಮುಚ್ಚಳಗಳನ್ನು ನೋಡಿದಳು. ಮುಚ್ಚಳ ತೆಗೆದು ಕಡ್ಡಿಯ ತುದಿಯಿಂದ ವಾಲ್ವಿನ ಮೂತಿ ಒತ್ತಿದರೆ ಗಾಳಿ ಹೋಗುತ್ತದೆ. ಆಮೇಲೆ ಅದೇ ಕಡ್ಡಿಯಿಂದ ಹಲ್ಲು ಚುಚ್ಚಿಕೊಳ್ಳಬಹುದು. ಹಿಡಿ ಬಿಗಿ ಮಾಡಿಕೊಂಡೇ ಒಳಗೆ ಹೋದಳು.

ಮಾವ ಮಗನ ಜೊತೆ ಊಟಕ್ಕೆ ಕೂತಿದ್ದರು. ಅವಳು ಮುಚ್ಚಳಗಳನ್ನು ತಟ್ಟೆಯ ಪಕ್ಕ ಸುರಿದಳು.

"ಮಾವ, ಇದೇನು?"

ಮಾವ ಬಾಯಿ ತುಂಬ ತುತ್ತಿಟ್ಟುಕೊಂಡೇ ನೋಡಿದರು. ಗಾಬರಿಯಾಗಲಿಲ್ಲ. ಅಗಿದು ಮುಗಿಸುವವರೆಗೂ ಅವಳನ್ನು ಕಾಯಿಸಿದರು. "ಓ, ಅಲ್ಲಿತ್ತಾ? ಡಬ್ಬಕ್ಕೆ ಹಾಕೋದು ಮರೆತೆ."

"ನೀವೇ ಗಾಳಿ ಬಿಡ್ತಿದೀರಾ?"

"ಪರೀಕ್ಷೆ ಮಾಡ್ತೀನಮ್ಮ. ಜನಕ್ಕೆ ತಮ್ಮ ಸಾಮಾನಿನ ಮೇಲೆ ಮಮತೆ ಇದೆಯೋ ಇಲ್ವೋ ಅಂತ ಗೊತ್ತಾಗೋದು ಹೆಂಗೆ? ಗಾಳಿ ಬಿಟ್ಟು ಎಂಟು ದಿನ ಕಾಯ್ತೀನಿ. ಬಂದು ತುಂಬಿಸ್ಕೊಂಡ್ರೆ ಅವರ ಸೈಕಲ್ ಅವರಿಗೆ. ಎಷ್ಟೋ ಜನ ತುಂಬಿಸ್ಕೊಂಡು ಹೋಗಿದಾರೆ. ನಾನೇನು ಬೇಡ ಅಂದ್ನಾ?"

"ಇದು ಕಳ್ಳತನ ಅಲ್ವಾ ಮಾವ?"

"ಕಳ್ಳತನ?" ಮಾವನ ಮುಖದಲ್ಲಿ ನಿಜವಾಗಿಯೂ ನೋವು ಕಾಣಿಸಿತು. ನೋಡುವಾಗ ಅವಳಿಗೆ ಇನ್ನೂ ಹೇಸಿಗೆಯಾದದ್ದು ಅದಕ್ಕೇ. "ಗಾಳಿ ಇರೋ ಸೈಕಲ್ ಒಂದನ್ನಾದ್ರೂ ಈ ಮನೆಗೆ ತಂದಿದೀನಾ? ಬಿಟ್ಟಿದ್ದು ಗಾಳಿ. ಗಾಳಿ ಯಾರಪ್ಪನ ಮನೆ ಆಸ್ತಿ? ಸ್ವಲ್ಪ ಸಾರು ಹಾಕು."

ಹೇಳೋದು ಶಾಸ್ತ್ರ, ಇಕ್ಕೋದು ಗಾಳ. ಗಂಡನ ಕಡೆ ನೋಡಿದಳು. ಅವನು ತಟ್ಟೆಯಲ್ಲೇ ತಲೆ ಹುದುಗಿಸಿದ್ದ. ಅವನಿಗೆ ಮೊದಲೇ ಗೊತ್ತಿತ್ತೋ ಈಗ ಗೊತ್ತಾಯಿತೋ ಹೇಳುವಂತಿರಲಿಲ್ಲ. ಕೋಣೆಗೆ ಹೋದ ಮೇಲೆ ಕೇಳಿದ್ದಕ್ಕೆ, "ಅಪ್ಪಂಗೆ ಈ ವಯಸ್ಸಲ್ಲಿ ಬುದ್ಧಿ ಹೇಳೋಕಾಗುತ್ತಾ?" ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಆ ದಿನ ತನಗೆ ಊಟ ಸೇರಲಿಲ್ಲ ಎಂದು ಹೇಳಿಕೊಳ್ಳಲು ಅವಳಿಗೂ ಆಸೆ. ಸೇರಿತು. ಎರಡನೇ ಸಲ ಬಡಿಸಿಕೊಂಡಿದ್ದಳು ಕೂಡ. ಮಾರನೆಯ ದಿನ ಅಂಗಡಿಯಲ್ಲಿ ಹಸಿರು ಸೈಕಲ್ಲು ತಲೆಕೆಳಗಾಗಿ ನೇತಾಡುತ್ತಿತ್ತು. ಮಾಡಬೇಕಾದ ಕೆಲಸ ಮುಂದೆಯೇ ಇತ್ತು. ಮಾಡದೆ ಬಿಟ್ಟರೆ ಯಾಕೆಂದು ಬಾಯಿಬಿಟ್ಟು ಹೇಳಬೇಕು, ಮನೆಯಲ್ಲಿ ರಂಪವಾಗಬೇಕು, ಅದು ಅಕ್ಕನ ಕಿವಿಗೂ ಬೀಳಬೇಕು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಅದಕ್ಕೆ ನೀಲಿ ಬಣ್ಣ ಹೊಡೆದಳು. ಒಂದು ಚೂರೂ ಹಸಿರು ಕಾಣದ ಹಾಗೆ, ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಸಂದಿಗೊಂದಿಯಲ್ಲೂ ಬಿಡದೆ ಹೊಡೆದಳು.

ಬಣ್ಣ ಒಣಗಿದ ಮೇಲೆ ಒಂದು ಬೆಳಿಗ್ಗೆ ಆಸ್ಪತ್ರೆಯ ಆಯಾ ಅಂಗಡಿಗೆ ಬಂದಳು. ಐವತ್ತರ ಹತ್ತಿರದ ಹೆಂಗಸು. ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ನಿಧಾನವಾಗಿ ನಡೆಯುತ್ತಿದ್ದಳು. ಬಾಗಿಲ ಕಂಬ ಹಿಡಿದು ಉಸಿರು ಸುಧಾರಿಸಿಕೊಂಡಳು.

"ಇದೇ ತಾನೇ ನೀತಿ ಮೇಷ್ಟ್ರ ಅಂಗಡಿ?"

"ಬನ್ನಿ ತಾಯಿ, ಕೂತ್ಕೊಳ್ಳಿ," ಎಂದು ಮಾವ ಸ್ಟೂಲು ಒರೆಸಿಕೊಟ್ಟರು.

"ನನ್ನ ಸೈಕಲ್ ಕಳುವಾಗಿದೆ ಯಜಮಾನ್ರೇ. ಹಸಿರು ಬಣ್ಣದ್ದು. ಡ್ಯೂಟಿಗೆ ಅಂತ ಹೋದೋಳು ಹೊಟ್ಟೆನೋವು ಬಂದು ಬಿದ್ದುಬಿಟ್ಟೆ. ಅಲ್ಲೇ ಆಪರೇಷನ್ ಮಾಡಿ ಮಲಗಿಸಿದ್ರು. ಸೈಕಲ್ ಗೋಡೆ ಹತ್ರಾನೇ ಇತ್ತು. ವಾರ್ಡಿನ ಕಿಟಕಿಯಿಂದ ದಿನಾ ನೋಡ್ತಿದ್ದೆ. ಒಂದಿನ ನೋಡ್ತೀನಿ, ಇಲ್ಲ. ಹೋಗಿ ಹುಡುಕೋಣ ಅಂದ್ರೆ ಎದ್ದು ಓಡಾಡೋಕೆ ಆಗ್ತಿರಲಿಲ್ಲ." ಅವಳು ಹೊಟ್ಟೆಯನ್ನು ಇನ್ನಷ್ಟು ಒತ್ತಿ ಹಿಡಿದಳು. "ಯಾರಾದ್ರೂ ನಿಮ್ಗೆ ಮಾರೋಕೆ ಬಂದಿದ್ರೇನೋ ಅಂತ ಕೇಳೋಕೆ ಬಂದೆ. ಅಲ್ಲಿ ಹೋಗು, ಅವರು ಸುಳ್ಳು ಹೇಳಲ್ಲ ಅಂದ್ರು ಎಲ್ಲಾರೂ. ನಾಡಿದ್ದು ಕೆಲಸಕ್ಕೆ ಸೇರಬೇಕು. ನಮ್ಮ ಪಾಳಿ ಶುರುವಾಗೋ ಹೊತ್ತಿಗೆ ಬಸ್ಸೇ ಇರಲ್ಲ. ಸೈಕಲ್ ಇಲ್ದಿದ್ರೆ ಕೆಲಸಾನೂ ಇಲ್ಲ."

ನೀಲಿ ಸೈಕಲ್ಲು ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರ ನಿಂತಿತ್ತು.

ಸೊಸೆ ನಟ್ಟು ತಿರುಗಿಸುವ ಪಾನ ಹಿಡಿದು ನಿಂತಲ್ಲೇ ನಿಂತಳು. ಮಾವ ಏನಾದರೂ ದಾರಿ ಮಾಡುತ್ತಾರೆ ಎಂದುಕೊಂಡಳು. ಮಾಡಿದರು.

"ಕಾಲ ಕೆಟ್ಟೋಯ್ತು ತಾಯಿ. ಕಳ್ಳರ ಸಂತಾನ ಹೆಚ್ಚಾಯ್ತು," ಎಂದು ಲೊಚಗುಟ್ಟಿದರು. "ಹಸಿರು ಸೈಕಲ್ ನಮ್ಮಲ್ಲಿಗೆ ಬಂದಿಲ್ಲ. ಆದ್ರೆ ನಿಮ್ಮಂಥ ಕಷ್ಟದೋರನ್ನ ಬರಿಗೈಲಿ ಕಳಿಸಲ್ಲ ನಾನು. ಈ ನೀಲಿದು ನೋಡಿ. ನಿಮ್ಮ ಎತ್ತರಕ್ಕೆ ಸರಿಯಾಗಿದೆ. ನಮ್ಗೆ ಲಾಭ ಬೇಡ, ಬಣ್ಣದ ಖರ್ಚು ಕೊಟ್ಬಿಡಿ ಸಾಕು." ಸೊಸೆಯ ಕಡೆ ತಿರುಗಿ ಕಣ್ಣು ಮಿಟುಕಿಸಿದರು. ಆಯಾಳ ಸೈಕಲ್ಲು ಆಯಾಳಿಗೇ ಸೇರುತ್ತದೆ, ಇದಕ್ಕಿಂತ ನ್ಯಾಯ ಬೇಕೇ ಎನ್ನುವ ತೃಪ್ತಿ ಆ ಮುಖದಲ್ಲಿ ಎಣ್ಣೆಯ ಹಾಗೆ ಮಿನುಗುತ್ತಿತ್ತು.

ಆಯಾ ಎದ್ದು, ಜೋಪಾನವಾಗಿ ಕಾಲು ದಾಟಿಸಿ, ಸೀಟಿನ ಮೇಲೆ ಕೂತಳು. ಪೆಡಲು ಕಾಲಿಗೆ ಸಿಕ್ಕಿತು. ಹ್ಯಾಂಡಲು ಕೈಗೆ ಸಿಕ್ಕಿತು. "ನಂದು ಹಿಂಗೇ ಇತ್ತು," ಎಂದಳು. "ಕೂತ್ರೆ ಥೇಟ್ ಹಿಂಗೇ ಇತ್ತು." ಕಣ್ಣಲ್ಲಿ ನೀರು ಬಂತು. ಮಾವನಿಗೆ ಎರಡೂ ಕೈ ಜೋಡಿಸಿದಳು. "ನಿಮ್ಮಂಥೋರು ಒಬ್ಬಿಬ್ರು ಇರೋದಕ್ಕೇ ಪ್ರಪಂಚ ನಡೀತಿದೆ ಯಜಮಾನ್ರೇ. ನಿಮ್ಮ ಹೊಟ್ಟೆ ತಣ್ಣಗಿರಲಿ."

ಮಾವ ತಲೆಬಾಗಿ ಆ ಹರಕೆಯನ್ನು ತೆಗೆದುಕೊಂಡರು. ಸೊಸೆಗೆ ಇನ್ನು ತಡೆಯಲಾಗಲಿಲ್ಲ. ಮುಂದೆ ಬಂದು ಹ್ಯಾಂಡಲು ಹಿಡಿದುಕೊಂಡಳು. ಪಾನದ ಬಾಯಿಂದ ಫೋರ್ಕಿನ ಮೇಲೆ ಒಮ್ಮೆ ಗಟ್ಟಿಯಾಗಿ ಗೀರಿದಳು. ನೀಲಿಯ ಅಡಿಯಿಂದ ಹಸಿರು ಎದ್ದಿತು.

"ದುಡ್ಡು ಕೊಡಬೇಡಿಮ್ಮ. ಇದು ನಿಮ್ಮ ಸೈಕಲ್ಲೇ. ಗಾಳಿ ಬಿಟ್ಟು ಎತ್ಕೊಂಡು ಬಂದಿದ್ದು ನಾವೇ."

"ಏಯ್, ಏನು ಬಡಬಡಿಸ್ತೀಯಾ?" ಎಂದು ಮಾವ ಎದ್ದರು. "ತಾಯಿ, ಅವಳಿಗೆ ಬಣ್ಣದ ವಾಸನೆ ತಲೆಗೇರಿದೆ..."

ಆಯಾ ಮಾವನ ಕಡೆ ನೋಡಲೇ ಇಲ್ಲ. ಹಸಿರು ಗೀರನ್ನು ಬೆರಳಿನಿಂದ ಸವರಿದಳು. ಆಮೇಲೆ ಸೊಸೆಯನ್ನು ನೋಡಿದಳು.

ನಿಜ ಹೇಳಬೇಕೆಂದರೆ, ಆಯಾ ತನ್ನ ಕೈ ಹಿಡಿದುಕೊಳ್ಳುತ್ತಾಳೆ ಎಂದು ಸೊಸೆ ಕಾದಿದ್ದಳು. ನೀನೊಬ್ಬಳಾದರೂ ಹೇಳಿದೆಯಲ್ಲಮ್ಮ ಎನ್ನುತ್ತಾಳೆ, ಆ ಒಂದು ಮಾತಿನಿಂದ ತಾನು ಮಾವನಿಂದ ಬೇರೆಯಾಗುತ್ತೇನೆ, ತೊಳೆದುಕೊಂಡು ಚೊಕ್ಕವಾಗುತ್ತೇನೆ ಎಂದುಕೊಂಡಿದ್ದಳು.

"ಬಣ್ಣ ಹೊಡೆದಿದ್ದು ಯಾರು?" ಎಂದು ಆಯಾ ಕೇಳಿದಳು.

"ನಾನು."

"ಗೊತ್ತಿದ್ದೇ ಹೊಡೆದ್ರಾ?"

ಸುಳ್ಳು ಹೇಳುವುದು ಬಲು ಸುಲಭವಿತ್ತು. "ಗೊತ್ತಿತ್ತು," ಎಂದಳು.

ಆಯಾ ಮೆಲ್ಲಗೆ ಇಳಿದಳು. ಬೈಯಲಿಲ್ಲ, ಕೂಗಾಡಲಿಲ್ಲ. ದಿನವೂ ಕಂಡವರ ಮಲಮೂತ್ರ ಬಳಿಯುವ ಹೆಂಗಸು ಅವಳು, ಯಾವುದಕ್ಕೂ ಮೂಗು ಮುಚ್ಚಿಕೊಳ್ಳುವ ಅಭ್ಯಾಸ ಇರಲಾರದು. ಅಂಥವಳ ಮುಖ ಈಗ ಕಿವುಚಿಕೊಂಡಿತು. ಚೀಲದಿಂದ ಒಂದು ಬಿಳಿ ಬಟ್ಟೆ ತೆಗೆದು ಸೊಸೆ ಹಿಡಿದಿದ್ದ ಕಡೆ ಹ್ಯಾಂಡಲನ್ನು ಒರೆಸಿದಳು. ಒಂದು ಸಲ ಒರೆಸಿ ಸಾಲದೆ, ಬಟ್ಟೆ ತಿರುವಿ ಮತ್ತೆ ಒರೆಸಿದಳು. ಆ ಬಟ್ಟೆಯನ್ನು ಎರಡು ಬೆರಳಿನಲ್ಲಿ ಹಿಡಿದು ಹೊಸ್ತಿಲ ಮೇಲೆ ಬಿಸಾಕಿದಳು. ಸೈಕಲ್ಲನ್ನು ಹತ್ತದೆ, ತಳ್ಳಿಕೊಂಡೇ ಹೋದಳು.

ಸೊಸೆಗೆ ಅವಳ ಬೆನ್ನು ತಿರುವಿನವರೆಗೂ ಕಾಣಿಸುತ್ತಿತ್ತು. ಒಮ್ಮೆಯೂ ತಿರುಗಿ ನೋಡಲಿಲ್ಲ.

ಮಾವ ಮತ್ತೆ ಸ್ಟೂಲಿನ ಮೇಲೆ ಕೂತು ಕೆಮ್ಮಿದರು. "ಮಾಡಿದೆಯಲ್ಲ, ಮನೆ ಮರ್ಯಾದೆ ಬೀದಿಗೆ ಹಾಕಿದೆ," ಎಂದರು. ಆಮೇಲೆ ಹೊಸ್ತಿಲ ಕಡೆ ಕೈ ತೋರಿಸಿದರು. "ಒಳ್ಳೆ ಕಾಟನ್ ಬಟ್ಟೆ. ಎತ್ತಿಟ್ಕೋ, ಚೈನು ಒರೆಸೋಕಾಗುತ್ತೆ."

ಅವರು ಹೇಳಿ ಮುಗಿಸುವ ಮೊದಲೇ ಸೊಸೆ ಅದನ್ನು ಎತ್ತಿಕೊಂಡಿದ್ದಳು.