ಕಾಪುವಿನಿಂದ ಬಸ್ಸಿನಲ್ಲಿ ಬಂದ ಓಟಗಾರ

ಓಡುತ್ತ ಹೋದ ಮನುಷ್ಯ ಓಡುತ್ತಲೇ ವಾಪಸು ಬರಬೇಕು. ಹನುಮೇಶ ಬಂದದ್ದು ಬಸ್ಸಿನಲ್ಲಿ. ಅದೂ ಬಾಗಿಲ ಕಂಬಿ ಹಿಡಿದು, ಒಂದು ಕಾಲನ್ನು ಮೇಲೆತ್ತಿಕೊಂಡು, ಕಂಡಕ್ಟರನ ಭುಜದ ಆಸರೆಯಲ್ಲಿ ಇಳಿದ.

ಕಲ್ಯಾಣಪುರದ ಬಸ್ ಸ್ಟಾಪಿನ ಹತ್ತಿರ ತರಕಾರಿ ಚೀಲ ಹಿಡಿದು ನಿಂತಿದ್ದ ಸವಿತಾ, ಪಾಪ ಯಾರೋ ಕಾಯಿಲೆಯವರು ಎಂದುಕೊಂಡಳು. ಕಣ್ಣರಳಿಸಿ ನೋಡಿದರೆ ತನ್ನ ಗಂಡನೇ.

"ಯಾಕ್ರೀ, ಓಡಾಕ ಹೋಗಿದ್ರಲ್ಲ?"

"ಕಾಪು ತನಕ ಓಡಿಕೋತನ ಹೋದೆ."

"ಮತ್ತ ಬರೂವಾಗ?"

"ಬರೂವಾಗ ಕಾಲು ಬರಲಿಲ್ಲ."

ಸವಿತಾಳಿಗೆ ನಗು ಬಂತು. ನಗುತ್ತಲೇ ಅವನ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಪೊಲೀಸ್ ಕಾನ್‌ಸ್ಟೇಬಲ್ ಆಯ್ಕೆಗೆ ಇನ್ನು ಹತ್ತೇ ವಾರ ಉಳಿದಿತ್ತು. ಸಾವಿರದ ಆರುನೂರು ಮೀಟರನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು. ಹೋದ ಸಲ ಹನುಮೇಶ ಕೊನೆಯ ಸುತ್ತಿನಲ್ಲಿ ಹೊಟ್ಟೆ ಹಿಡಿದು ಕುಳಿತುಬಿಟ್ಟಿದ್ದ. ವಯಸ್ಸಿನ ಮಿತಿ ನೋಡಿದರೆ ಇದೇ ಕೊನೆಯ ಅವಕಾಶ.

ಗಂಡ ಹೆಂಡತಿ ಕುಷ್ಟಗಿ ಕಡೆಯವರು. ಉಡುಪಿ ಸೀಮೆಗೆ ಬಂದು ಮೂರು ವರ್ಷವಾಗಿತ್ತು. ಎರಡು ಸಾವಿರದ ನಾಲ್ಕನೆಯ ಇಸವಿಯ ಆ ದಿನಗಳಲ್ಲಿ ಕಲ್ಯಾಣಪುರದ ಬರ್ತಾ ಟೀಚರ್ ಮನೆಗೆ ಮಾಳಿಗೆ ಕಟ್ಟುವ ಕೆಲಸ ನಡೆದಿತ್ತು. ಹನುಮೇಶ ಕೆಂಪು ಕಲ್ಲು ಹೊರುತ್ತಿದ್ದ. ಸವಿತಾ ಮರಳು ಹೊತ್ತು, ಗಾರೆ ಕೊಟ್ಟು, ಸಂಜೆ ಗೋಡೆಗೆ ನೀರು ಹೊಡೆಯುತ್ತಿದ್ದಳು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವರ ಬಿಡಾರ.

ಆ ಶೆಡ್ಡಿನ ಗೋಡೆಗೆ ಹನುಮೇಶ ಅನ್ನದ ಅಗುಳು ಮೆತ್ತಿ ಒಂದು ಪೇಪರ್ ತುಂಡು ಅಂಟಿಸಿದ್ದ. ಯಾರೋ ದೊಡ್ಡ ಓಟಗಾರನ ವಿಷಯ. ಆತ ವಾರಕ್ಕೆ ನಲವತ್ತು ಕಿಲೋಮೀಟರ್ ಓಡುತ್ತಾನಂತೆ. ಸರಿ, ನಾನೂ ನಲವತ್ತು ಓಡುತ್ತೇನೆ ಎಂದು ಹನುಮೇಶ ಹಟ ಹಿಡಿದ. ಆದರೆ ಸೋಮವಾರದಿಂದ ಶನಿವಾರದವರೆಗೆ ಬೆಳಗಿನಿಂದ ಸಂಜೆಯವರೆಗೆ ಕೆಲಸ. ಉಳಿದದ್ದು ಭಾನುವಾರ ಒಂದೇ. ಕಲ್ಯಾಣಪುರದಿಂದ ಕಾಪುವಿಗೆ ಹೋಗಿ ಬಂದರೆ ಹತ್ತಿರ ಹತ್ತಿರ ನಲವತ್ತು. ವಾರದ ಓಟ ಒಂದೇ ಏಟಿಗೆ ಮುಗಿಯಿತಲ್ಲ?

ಅವನ ತಲೆಯಲ್ಲಿ ಓಡುತ್ತಿದ್ದದ್ದು ಗುತ್ತಿಗೆಯ ಲೆಕ್ಕ. ಮೇಸ್ತ್ರಿ ಪೀಟರ್ ಒಮ್ಮೊಮ್ಮೆ ಹೇಳುವುದುಂಟು: "ಈ ಐನೂರು ಕಲ್ಲು ಮೇಲೆ ಹೋಗಬೇಕು, ಒಂದು ವಾರದ ಗುತ್ತಿಗೆ. ಮೂರು ದಿನದಲ್ಲಿ ಮುಗಿಸಿದರೆ ಉಳಿದ ದಿನ ನಿಮ್ಮದು." ಹನುಮೇಶ ಅಂಥ ಕೆಲಸದಲ್ಲಿ ಹುಲಿ. ಓಟವನ್ನೂ ಹಾಗೇ ಗುತ್ತಿಗೆ ಹಿಡಿದಿದ್ದ.

ಸೋಮವಾರ ಕಲ್ಲು ಹೊರಲು ಹೋದರೆ ಮೂರನೆಯ ಮೆಟ್ಟಿಲಿಗೇ ನಿಂತ. ಪೀಟರ್ ಗೊಣಗುತ್ತ ಅವನನ್ನು ಮರಳು ಜರಡಿ ಹಿಡಿಯಲು ಕೂರಿಸಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಬರ್ತಾ ಟೀಚರ್ ಇದನ್ನೆಲ್ಲ ನೋಡಿದರು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಆಟದ ಟೀಚರ್ ಆಗಿ ನಿವೃತ್ತರಾದವರು ಅವರು. ಕುಂಟುವ ಕಾಲನ್ನು ಕಂಡರೆ ಅವರಿಗೆ ಸುಮ್ಮನೆ ಇರಲಿಕ್ಕೆ ಬರುವುದಿಲ್ಲ.

"ಎಂತ ಹನುಮೇಶ, ಕಾಲಿಗೆ ಎಂತ ಮಾಡಿಕೊಂಡಿದ್ದಿ?"

"ಏನಿಲ್ರಿ ಟೀಚರ್, ಸ್ವಲ್ಪ ಉಳುಕೈತಿ."

"ಉಳುಕಲ್ರಿ," ಎಂದಳು ಸವಿತಾ. "ನಿನ್ನೆ ಕಾಪುಕ್ಕ ಓಡಿ ಹೋಗಿದ್ರು."

"ಯಾಕೆ, ಬಸ್ಸು ಇರಲಿಲ್ವಾ?"

ಸವಿತಾ ನಲವತ್ತು ಕಿಲೋಮೀಟರಿನ ಕಥೆಯನ್ನು ಒಂದೂ ಬಿಡದೆ ಹೇಳಿದಳು. ಟೀಚರ್ ಬಗ್ಗಿ, ಹನುಮೇಶನ ಮೊಣಕಾಲಿನ ಕೆಳಗಿನ ಎಲುಬನ್ನು ಹೆಬ್ಬೆರಳಿನಿಂದ ಒತ್ತುತ್ತ ಹೋದರು. ಅವನು ಹಲ್ಲು ಕಚ್ಚಿದ.

"ಇವತ್ತೇ ಉಡುಪಿಗೆ ಹೋಗಿ ಡಾಕ್ಟರಿಗೆ ತೋರಿಸು. ಎಲುಬಿನ ನೋವಿನಲ್ಲಿ ಮಂಗಾಟ ಬೇಡ ಮಾರಾಯ."

ಡಾಕ್ಟರು ಎಲುಬು ಮುರಿದಿಲ್ಲ ಎಂದರು, ಆದರೆ ಎರಡು ವಾರ ಓಟ ಬೇಡ, ಭಾರವೂ ಬೇಡ ಎಂದರು. ಹತ್ತು ವಾರದಲ್ಲಿ ಎರಡು ಹೋಯಿತು. ಹನುಮೇಶ ಆ ಸಂಜೆ ಊಟ ಮಾಡಲಿಲ್ಲ. ಸವಿತಾಳಿಗೆ ಸಂಕಟವಾಯಿತು. ಅದಕ್ಕಿಂತ ಹೆಚ್ಚಾಗಿ ಒಂದು ಪ್ರಶ್ನೆ ತಲೆ ಕೊರೆಯತೊಡಗಿತು. ಮರುದಿನ ಟೀಚರ್ ಚಹಾ ಕೊಡಲು ಬಂದಾಗ ಕೇಳಿಯೇಬಿಟ್ಟಳು.

"ಟೀಚರ್, ನನಗೊಂದು ತಿಳೀವಲ್ದು. ಇವರು ದಿನಾ ನೂರು ಕಲ್ಲು ಹೊತ್ತು ಮೆಟ್ಟಿಲು ಹತ್ತತಾರ. ಅಷ್ಟು ಗಟ್ಟಿ ಕಾಲಿಗೆ ಓಡೂದು ಯಾಕ ಆಗವಲ್ದು?"

ಟೀಚರ್ ಲೋಟ ಕೆಳಗಿಟ್ಟು ಅಲ್ಲೇ ಕಲ್ಲಿನ ರಾಶಿಯ ಮೇಲೆ ಕುಳಿತರು. ಮೂವತ್ತೊಂದು ವರ್ಷ ಮಕ್ಕಳು ಅವರ ಹತ್ತಿರ ಚೆಂಡು ಕೇಳಿದ್ದರು, ಬೇಗ ಬೆಲ್ ಹೊಡೆಸಿ ಎಂದು ಕೇಳಿದ್ದರು. ಇಂಥ ಪ್ರಶ್ನೆ ಕೇಳಿದವರು ಕಡಿಮೆ.

"ಒಳ್ಳೆ ಪ್ರಶ್ನೆ ಕೇಳಿದಿ ಮಾರಾಯ್ತಿ. ಕಲ್ಲು ಹೊರುವ ಕಾಲು ಬೇರೆ, ಓಡುವ ಕಾಲು ಬೇರೆ ಅಂತ ಉಂಟಾ? ಇರುವುದು ಎರಡೇ. ಆರು ದಿನ ಹೊತ್ತು ದಣಿದ ಕಾಲಿಗೇ ಏಳನೇ ದಿನ ಇವನು ಕಾಪುವಿಗೆ ಓಡು ಅಂತಾನೆ. ಓಡುವಾಗ ಒಂದೊಂದು ಹೆಜ್ಜೆಗೂ ನೆಲ ಕಾಲನ್ನು ಕುಟ್ತದೆ. ಉಸಿರು ಬೇಗ ಕಲೀತದೆ, ಎಲುಬು ನಿಧಾನ. ಉಸಿರು ಉಂಟು ಅಂತ ಓಡ್ತಾ ಹೋದರೆ ಎಲುಬು ಜಗಳಕ್ಕೆ ಬರ್ತದೆ."

"ಪೇಪರಿನ್ಯಾಗ ನಲವತ್ತು ಅಂತ ಬರದಾರ್ರಿ," ಹನುಮೇಶ ಬಿಡಲಿಲ್ಲ. ಎದ್ದು ಕುಂಟುತ್ತ ಹೋಗಿ ಆ ಪೇಪರ್ ತುಂಡನ್ನು ಕಿತ್ತು ತಂದ.

ಟೀಚರ್ ಕನ್ನಡಕ ಏರಿಸಿ ಓದಿದರು. "ಹದಿನಾಲ್ಕು ವರ್ಷದಿಂದ ಓಡ್ತಾನೆ ಅಂತ ಉಂಟು. ದಿನಾ ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡ್ತಾನೆ ಅಂತಲೂ ಉಂಟು. ಅವನು ಕಲ್ಲು ಹೊರ್ತಾನೆ ಅಂತ ಎಲ್ಲಿಯೂ ಇಲ್ಲ. ನೀನು ಇದನ್ನು ಓದಲಿಲ್ವಾ?"

ಹನುಮೇಶ ಓದಿದ್ದ. ಅದು ತನಗಲ್ಲ ಎಂದು ಬಿಟ್ಟಿದ್ದ. ಎಲ್ಲರೂ ಹಾಗೇ, ತಮಗೆ ಬೇಕಾದ ಸಾಲನ್ನು ಮಾತ್ರ ಓದುತ್ತಾರೆ.

"ಹಂಗಾದ್ರ ವಾರದ್ದು ಒಂದ ದಿನ ಮುಗಿಸಿದ್ರ ಏನು ತಪ್ಪು? ಲೆಕ್ಕ ಅಷ್ಟ ಅಲ್ರೀ?"

ಟೀಚರ್ ಉತ್ತರ ಹೇಳುವ ಮೊದಲೇ ಸವಿತಾಳ ಕಣ್ಣು ಮೆಟ್ಟಿಲ ಪಕ್ಕದ ಹೊಸ ಕಾಂಕ್ರೀಟ್ ಸ್ಲ್ಯಾಬಿನ ಮೇಲೆ ಬಿತ್ತು. ಅದಕ್ಕೆ ಹಗಲೆಲ್ಲ ಒಣಗದಂತೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವವಳು ಅವಳೇ.

"ರೀ, ಸ್ಲ್ಯಾಬಿಗೆ ಹದಿನೈದು ದಿನದ ನೀರು ಇವತ್ತ ಒಂದ ದಿನ ಹೊಡೆದುಬಿಡ್ಲೇನು? ನಾಳಿಂದ ನಾನೂ ಆರಾಮ ಮಲಗತೀನಿ."

"ಹುಚ್ಚಿ, ಬಿರುಕು ಬಿಡತೈತಿ."

"ನಿಮ್ಮ ಕಾಲು ಬಿಟ್ಟೈತಲ್ಲ."

ಪೀಟರ್ ಮೇಸ್ತ್ರಿ ಮೇಲಿನಿಂದ ಜೋರಾಗಿ ನಕ್ಕ. ಹನುಮೇಶನಿಗೆ ಸಿಟ್ಟು ಬಂತು. ಟೀಚರ್ ಮಾತ್ರ ಸವಿತಾಳನ್ನು ಮೆಚ್ಚಿ ನೋಡಿದರು. "ಅಷ್ಟೇ ಹನುಮೇಶ. ಇದು ಗುತ್ತಿಗೆ ಕೆಲಸ ಅಲ್ಲ, ನೀರು ಹೊಡೆಯುವ ಕೆಲಸ. ಸ್ವಲ್ಪ ಸ್ವಲ್ಪ, ಬಿಟ್ಟು ಬಿಟ್ಟು, ಮತ್ತೆ ಮತ್ತೆ."

ಎರಡು ವಾರ ಕಳೆದು ನೋವು ಹೋದ ಮೇಲೆ ಟೀಚರ್ ಒಂದು ಹಳೆಯ ನೋಟ್ ಬುಕ್ಕು ತಂದು ಸವಿತಾಳ ಕೈಗೆ ಕೊಟ್ಟರು. ಜೊತೆಗೆ ತಮ್ಮ ಸ್ಟಾಪ್ ವಾಚನ್ನೂ ಕೊಟ್ಟರು. ಮಂಗಳವಾರ, ಶುಕ್ರವಾರ, ಭಾನುವಾರ ಓಟ. ಒಂದು ದಿನಕ್ಕೆ ಎರಡು ಕಿಲೋಮೀಟರ್. ವಾರಕ್ಕೆ ಆರು.

"ಆರು?" ಹನುಮೇಶನ ಮುಖ ಕಪ್ಪಿಟ್ಟಿತು. "ನಮ್ಮೂರಾಗ ಹೊಲಕ್ಕ ಹೋಗಿ ಬಂದ್ರ ಆರು ಆಗತೈತ್ರಿ."

"ಮುಂದಿನ ವಾರ ನೋವು ಇಲ್ಲದಿದ್ದರೆ ಏಳು. ಆಮೇಲೆ ಎಂಟು. ಒಂದು ವಾರ ಇಳಿಸುವ, ಮತ್ತೆ ಏರಿಸುವ. ಪರೀಕ್ಷೆ ಹೊತ್ತಿಗೆ ಹನ್ನೊಂದು ಆದರೆ ನಾನು ಖುಷಿ ಪಡ್ತೇನೆ."

"ಹನ್ನೊಂದಕ್ಕ ಆರೂವರೆ ನಿಮಿಷ ಬರತೈತೇನ್ರಿ?"

"ಗೊತ್ತಿಲ್ಲ," ಎಂದರು ಟೀಚರ್. "ಬರ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ. ಆದರೆ ಪರೀಕ್ಷೆ ದಿನ ನಿನ್ನ ಎರಡೂ ಕಾಲು ಗ್ರೌಂಡಿಗೆ ಬರ್ತದೆ. ಅಷ್ಟು ಹೇಳ್ತೇನೆ."

ಓಟದ ವೇಗಕ್ಕೂ ಟೀಚರ್ ಒಂದು ಉಪಾಯ ಹೇಳಿಕೊಟ್ಟರು. ವಾರದಲ್ಲಿ ಒಂದು ದಿನ ಮಾತ್ರ ಜೋರು, ಅದೂ ಸ್ವಲ್ಪ ದೂರ. ಉಳಿದ ದಿನ ಮಾತಾಡುತ್ತ ಓಡುವಷ್ಟು ನಿಧಾನ. ಏನು ಮಾತಾಡುವುದು? ಕಾರ್ಕಳದಿಂದ ಉಡುಪಿಗೆ ಬರುವ ಬಸ್ಸಿನ ಕಂಡಕ್ಟರನ ಹಾಗೆ ಊರುಗಳ ಹೆಸರು ಕೂಗಬೇಕು. ಉಸಿರು ಕಟ್ಟದೆ ಎಲ್ಲವೂ ಬಂದರೆ ವೇಗ ಸರಿ, ನಡುವೆ ಎಲ್ಲಾದರೂ ಬಸ್ಸು ನಿಂತರೆ ವೇಗ ಹೆಚ್ಚು.

ಹೀಗಾಗಿ ಕಲ್ಯಾಣಪುರದ ಶಾಲೆಯ ಮೈದಾನದಲ್ಲಿ ಬೆಳಿಗ್ಗೆ ಆರು ಗಂಟೆಗೆ ಒಬ್ಬ ಮನುಷ್ಯ "ಕಾರ್ಕಳ, ಬೈಲೂರು, ಹಿರಿಯಡ್ಕ, ಪರ್ಕಳ, ಮಣಿಪಾಲ, ಉಡುಪಿ" ಎಂದು ಕೂಗುತ್ತ ಸುತ್ತು ಹೊಡೆಯತೊಡಗಿದ. ಹಾಲು ಕೊಡಲು ಹೋಗುವವರು ನಿಂತು ನೋಡಿದರು. ಮೊದಲ ದಿನ ಅವನ ಬಸ್ಸು ಹಿರಿಯಡ್ಕದಲ್ಲೇ ಕೆಟ್ಟು ನಿಂತಿತು. ಮೂರನೆಯ ವಾರಕ್ಕೆ ಉಡುಪಿ ಮುಟ್ಟಿತು.

ಸವಿತಾ ಎಲ್ಲವನ್ನೂ ಬರೆದಳು. ಎಷ್ಟು ಓಡಿದ, ಮರುದಿನ ಎದ್ದಾಗ ಕಾಲು ಹೇಗಿತ್ತು, ಹಿಂದಿನ ದಿನ ಎಷ್ಟು ಕಲ್ಲು ಹೊತ್ತಿದ್ದ. ಹೊರುವ ಕೆಲಸ ಹೆಚ್ಚಾದ ಮರುದಿನ ಓಟ ಭಾರವಾಗುತ್ತದೆ ಎಂಬುದು ಅವಳಿಗೆ ಬರೆಯುತ್ತ ಬರೆಯುತ್ತ ತಾನಾಗಿ ಗೊತ್ತಾಯಿತು. ಹಾಗಾಗಿ ಮೇಲಿನ ಸ್ಲ್ಯಾಬ್ ಹಾಕಿದ ವಾರ ಅವಳೇ ಶುಕ್ರವಾರದ ಓಟವನ್ನು ಹೊಡೆದುಹಾಕಿದಳು. ಟೀಚರ್ ನೋಟ್ ಬುಕ್ಕು ನೋಡಿ, "ನಾನು ಹೇಳುವ ಮೊದಲೇ ಮಾಡಿದ್ದಿ ಅಲ್ವಾ," ಎಂದು ಅದನ್ನು ಅವಳ ಕೈಗೇ ಮರಳಿಸಿದರು.

ಪರೀಕ್ಷೆಗೆ ಮೂರು ವಾರ ಇರುವಾಗ ಟೀಚರ್, ಮೊದಲ ವಾರ ಮಾಡಿದ್ದಂತೆ, ಸಾವಿರದ ಆರುನೂರು ಮೀಟರನ್ನು ಪೂರ್ತಿ ಓಡಿಸಿ ನೋಡಿದರು. ಆರು ನಿಮಿಷ ನಲವತ್ತೆಂಟು ಸೆಕೆಂಡು. ಹನುಮೇಶ ಮೈದಾನದ ಅಂಚಿನಲ್ಲಿ ಕುಳಿತು ಹುಲ್ಲು ಕಿತ್ತ.

"ಇದು ಆಗೂದಲ್ಲ ಸವಿತಾ. ಎಂಟು ಒಂಬತ್ತು ಅಂತ ಹುಡುಗಾಟ ಆತು. ಈ ಭಾನುವಾರ ಕಾರ್ಕಳಕ್ಕ ಓಡತೀನಿ. ಒಮ್ಮೆ ಬಿಸಿ ಮುಟ್ಟಬೇಕು ಕಾಲಿಗೆ."

ಸವಿತಾ ಅಳಲಿಲ್ಲ, ಜಗಳವಾಡಲಿಲ್ಲ. ಅವಳಿಗೆ ಭಯವಾಗಿತ್ತು, ನಿಜ. ಈ ಕೆಲಸ ಸಿಕ್ಕರೆ ಶೆಡ್ಡಿನಿಂದ ಶೆಡ್ಡಿಗೆ ಗಂಟು ಕಟ್ಟುವುದು ತಪ್ಪುತ್ತದೆ ಎಂದು ಅವಳು ಎಷ್ಟು ಸಲ ಆಸೆಪಟ್ಟಿದ್ದಳೋ. ನೋಟ್ ಬುಕ್ಕು ತೆರೆದು ಗಂಡನ ಮುಂದಿಟ್ಟಳು.

"ಮೊದಲನೇ ವಾರ ಏಳು ನಿಮಿಷ ಇಪ್ಪತ್ತೆರಡು. ಇವತ್ತು ಆರು ನಲವತ್ತೆಂಟು. ನಡುವ ಒಂದು ದಿನಾನೂ ಕೆಲಸ ತಪ್ಪಿಲ್ಲ. ಇದು ಹುಡುಗಾಟ ಏನು? ಹೋದ ಸಲ ಕಾಪುದಿಂದ ಬಸ್ಸಿನ್ಯಾಗ ಬಂದ್ರಿ. ಈ ಸಲ ಕಾರ್ಕಳದಿಂದ ಎದರಾಗ ಬರ್ತೀರಿ?"

ಹನುಮೇಶ ಆ ಅಂಕಿಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದ. ಭಾನುವಾರ ಕಾರ್ಕಳಕ್ಕೆ ಹೋಗಲಿಲ್ಲ. ನಾಲ್ಕು ಕಿಲೋಮೀಟರ್ ಓಡಿ, ಮೀನು ತಂದು, ಮಧ್ಯಾಹ್ನ ಮಲಗಿದ. ಕೊನೆಯ ವಾರ ಓಟವನ್ನು ಅರ್ಧಕ್ಕೆ ಇಳಿಸಿದರು. ಹನ್ನೊಂದು ಮುಟ್ಟಿದ್ದು ಒಂದೇ ಒಂದು ವಾರ.

ಪರೀಕ್ಷೆಯ ದಿನ ಸವಿತಾ ಉಡುಪಿಯ ಮೈದಾನದ ಗೇಟಿನ ಹೊರಗೆ ನಿಂತಿದ್ದಳು. ಪಕ್ಕದಲ್ಲಿ ಕೊಡೆ ಹಿಡಿದು ಟೀಚರ್. ಒಳಗಿನದು ಕಾಣುತ್ತಿರಲಿಲ್ಲ, ಸೀಟಿಯ ಸದ್ದು ಮಾತ್ರ ಕೇಳುತ್ತಿತ್ತು. ಕುಂಟುತ್ತ ಹೊರಬಂದ ಹುಡುಗರನ್ನು ಕಂಡಾಗಲೆಲ್ಲ ಅವಳು ಟೀಚರ್ ತೋಳನ್ನು ಹಿಡಿದುಕೊಳ್ಳುತ್ತಿದ್ದಳು.

ಹನುಮೇಶ ಬಂದ. ಸವಿತಾ ಮೊದಲು ನೋಡಿದ್ದು ಅವನ ಕಾಲನ್ನು. ನೆಟ್ಟಗೆ ನಡೆಯುತ್ತಿದ್ದ. ಮುಖ ನೋಡಲು ಧೈರ್ಯ ಸಾಲಲಿಲ್ಲ.

"ಆರು ಇಪ್ಪತ್ತೊಂದು," ಎಂದ ಅವನು. "ಒಂಬತ್ತು ಸೆಕೆಂಡು ಉಳೀತು."

ಆಗ ಸವಿತಾ ಅತ್ತಳು. ಟೀಚರ್ ಕೊಡೆಯನ್ನು ಅವಳ ಮೇಲೆ ಹಿಡಿದು, ಬೇರೆ ಕಡೆ ನೋಡುತ್ತ ನಿಂತರು. ಇನ್ನೂ ಬೇರೆ ಪರೀಕ್ಷೆಗಳು ಇದ್ದವು, ಕೆಲಸ ಕೈಗೆ ಬಂದಿರಲಿಲ್ಲ. ಆದರೆ ಹೋದ ವರ್ಷ ಕುಳಿತಿದ್ದ ಆ ಸುತ್ತನ್ನು ಅವನು ದಾಟಿದ್ದ.

ಬಸ್ ಸ್ಟ್ಯಾಂಡಿನ ಕಡೆ ನಡೆಯುವಾಗ ಸವಿತಾ ಕಣ್ಣೊರೆಸಿಕೊಂಡು ಕೇಳಿದಳು, "ಟೀಚರ್, ನಾನೂ ಓಡಬಹುದೇನ್ರಿ? ಪರೀಕ್ಷೆಗಲ್ರಿ. ನನ್ನ ಕಾಲು ಏನು ಅಂತಾವ ನೋಡೂಣು ಅಂತ."

"ಯಾಕೆ ಆಗುದಿಲ್ಲ?"

"ವಾರಕ್ಕ ಎಷ್ಟು ಓಡಬೇಕ್ರಿ?"

ಟೀಚರ್ ಬಾಯಿ ತೆರೆಯುವ ಮೊದಲೇ ಹನುಮೇಶ ಹೇಳಿದ, "ಈಗ ಎಷ್ಟು ಆಗತೈತಿ, ಮೊದಲು ಅದನ್ನ ನೋಡೂಣು."

ಓದುವವರೇ, ಕೇಳುವವರೇ, ನೀವು ಓಡಲು ಹೊರಟಿದ್ದೀರಾ? ಸಕ್ಕರೆ ಕಾಯಿಲೆಗೋ, ಪರೀಕ್ಷೆಗೋ, ಬರಿಯ ಖುಷಿಗೋ, ಹೊರಡಿ. ಆದರೆ ಪಕ್ಕದ ಮನೆಯವರ ಅಂಕಿಯನ್ನು ನಿಮ್ಮ ಕಾಲಿಗೆ ಕಟ್ಟಬೇಡಿ. ಈ ವಾರ ನೋವಿಲ್ಲದೆ ಎಷ್ಟು ಓಡಿದಿರೋ ಅದನ್ನು ಒಂದು ಚೀಟಿಯಲ್ಲಿ ಬರೆಯಿರಿ. ಅಷ್ಟೇ ನಿಮ್ಮ ಮೊದಲ ಲೆಕ್ಕ. ಮುಂದಿನ ವಾರ ಅದಕ್ಕೆ ಚೂರು ಸೇರಿಸಿ, ನಡುನಡುವೆ ಬಿಡುವು ಕೊಡಿ. ಹೊಲ, ಗದ್ದೆ, ಕಟ್ಟಡ, ಮನೆ, ನೀವು ದುಡಿಯುವುದೆಲ್ಲವೂ ಕಾಲಿನ ಲೆಕ್ಕಕ್ಕೆ ಬರುತ್ತದೆ. ಬಹುಕಾಲದಿಂದ ಓಡದವರು, ಕಾಯಿಲೆ ಇದ್ದವರು ಮೊದಲು ಡಾಕ್ಟರನ್ನು ಕಾಣಿ. ನೋವು ನಿಲ್ಲದಿದ್ದರೆ ಓಟ ನಿಲ್ಲಿಸಿ. ಎಷ್ಟು ದೂರ ಹೋದಿರಿ ಎಂದು ಯಾರಾದರೂ ಕೇಳಿದರೆ, ನಾಳೆಯೂ ಹೋಗುವಷ್ಟು ಎಂದು ಹೇಳಿ.