ಅಳಿವೆಕೇರಿಯ ತುಕ್ಕು ಹಳಿ

ನಾನು ಒಂದು ರೈಲು ಹಳಿ. ಹದಿಮೂರು ಮೀಟರ್ ಉದ್ದ, ಮೂರಾಳು ಸೇರಿದರೂ ಅಲುಗಿಸಲಾಗದ ತೂಕ. ಇಷ್ಟು ಕೇಳಿದ ಮೇಲೆ ನಾನು ದೊಡ್ಡ ಧೈರ್ಯಶಾಲಿ ಎಂದು ನೀವು ಅಂದುಕೊಳ್ಳಬಹುದು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ನಾನು ಪುಕ್ಕಲ. ಹುಟ್ಟಿದ ದಿನದಿಂದ ಇವತ್ತಿನವರೆಗೆ ಹೆದರಿಕೊಂಡೇ ಬದುಕಿದ್ದೇನೆ.

ಹುಟ್ಟಿದ್ದಾದರೂ ಹೇಗೆ? ಯಾವುದೋ ದೂರದ ಕಾರ್ಖಾನೆಯಲ್ಲಿ, ಕುಲುಮೆಯಿಂದ ಹೊರಗೆ ಎಳೆದು, ಕೆಂಪಗೆ ಇರುವಾಗಲೇ ಉರುಳೆಗಳ ನಡುವೆ ನೂಕಿ ನೂಕಿ ಉದ್ದ ಮಾಡಿದರು. ಕೂಗೋಣವೆಂದರೆ ಬಾಯಿಲ್ಲ. ಪಕ್ಕೆಗೆ ಒಂದಿಷ್ಟು ಅಂಕಿ ಅಕ್ಷರ ಒತ್ತಿ ತಣ್ಣಗಾಗಲು ಎಸೆದರು. ಆಮೇಲೆ ಘಟ್ಟದ ದೊಡ್ಡ ಲೈನಿನಲ್ಲಿ ಹದಿನಾಲ್ಕು ವರ್ಷ ಮಲಗಿದೆ. ಹಗಲೂ ರಾತ್ರಿ ಗಾಡಿಗಳು. ನೆತ್ತಿ ಸವೆಯಿತು. ಇನ್ನು ದೊಡ್ಡ ಲೈನಿಗೆ ಇದು ಆಗುವುದಿಲ್ಲ ಎಂದು ಯಾರೋ ಸೀಮೆಸುಣ್ಣದಲ್ಲಿ ಗೀಟು ಎಳೆದರು. ಗುಜರಿಗೆ ಹೋದೆ ಎಂದುಕೊಂಡೆ. ಹೋಗಲಿಲ್ಲ. ಸವೆದ ಹಳಿಗಳಿಗೆ ಸಣ್ಣ ಲೈನು ಇರುತ್ತದಲ್ಲ, ಹಾಗೆ ನನ್ನನ್ನು ಕರಾವಳಿಗೆ ತಂದು ಇಲ್ಲಿ ಹಾಸಿದರು.

ಇದು ನೌಕಾಪಡೆಯ ಡಾಕ್‌ಯಾರ್ಡಿಗೆ ಹೋಗುವ ಕವಲು ಲೈನು. ಸ್ಟೇಷನ್ನಿನಿಂದ ಹೊರಟು, ಗಾಳಿಮರಗಳ ತೋಪಿನಲ್ಲಿ ಒಂದು ತಿರುವು ತೆಗೆದುಕೊಂಡು, ಅಳಿವೆಯ ಸೇತುವೆ ದಾಟಿ, ಡಾಕ್‌ಯಾರ್ಡಿನ ಕಬ್ಬಿಣದ ಗೇಟಿನಲ್ಲಿ ಮುಗಿಯುತ್ತದೆ. ಒಟ್ಟು ನಾಲ್ಕು ಕಿಲೋಮೀಟರ್. ನಾನು ಇರುವುದು ತಿರುವು ಮುಗಿಯುವಲ್ಲಿ. ನನ್ನಿಂದ ಮುಂದೆ ಹತ್ತು ಹಳಿ ಕಳೆದರೆ ಸೇತುವೆ. ಮೀನುಗಾರರ ಊರಾದ ಅಳಿವೆಕೇರಿಯ ಕಾಲುದಾರಿ ಬಂದು ಲೈನಿಗೆ ಹತ್ತುವುದೂ ನನ್ನ ಪಕ್ಕದಲ್ಲೇ. ಹಾಗಾಗಿ ಆ ಊರಿನ ಪಾದಗಳೆಲ್ಲ ನನಗೆ ಗುರುತು.

ಮೊದಮೊದಲು ದಿನಕ್ಕೊಂದು ಗಾಡಿ. ಲಂಗರಿನ ಸರಪಳಿ, ಉಕ್ಕಿನ ತಗಡು, ತಾಡಪಾಲು ಹೊದಿಸಿದ ಏನೇನೋ ಪೆಟ್ಟಿಗೆ. ಆಮೇಲೆ ಹೆದ್ದಾರಿ ಅಗಲವಾಯಿತು, ಸಾಮಾನೆಲ್ಲ ಲಾರಿ ಹತ್ತಿತು. ಗಾಡಿ ವಾರಕ್ಕೊಂದಾಯಿತು, ತಿಂಗಳಿಗೊಂದಾಯಿತು, ಕೊನೆಗೆ ಪೂರ್ತಿ ನಿಂತಿತು. ನಾಲ್ಕು ಮಳೆಗಾಲ ಒಂದು ಚಕ್ರವನ್ನೂ ಕಾಣಲಿಲ್ಲ. ಆದರೆ ಲೈನು ಮುಚ್ಚಿದೆ ಎಂದು ಯಾರೂ ಬರೆದು ಕೊಡಲಿಲ್ಲ. ಲಾರಿಯಲ್ಲಿ ಹಿಡಿಸದ ಸಾಮಾನು ಬಂದರೆ ಬೇಕಾಗುತ್ತದೆ, ಇರಲಿ ಎಂದು ಡಾಕ್‌ಯಾರ್ಡಿನವರು ಹೇಳಿದ್ದರಂತೆ.

ಇರಬೇಕಾದರೆ ನೋಡಿಕೊಳ್ಳುವವರು ಬೇಕಲ್ಲ. ಅದಕ್ಕೆ ಕೀಮನ್ ಬೊಮ್ಮಯ್ಯ ಗೌಡ ಇದ್ದ. ಹಳಿ, ಬೋಲ್ಟು, ಕೀಲು ಎಲ್ಲ ಬಿಗಿಯಾಗಿವೆಯೇ ಎಂದು ದಿನಾ ನಡೆದು ನೋಡುವುದು ಕೀಮನ್ನನ ಕೆಲಸ. ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ, ಚೀಲದಲ್ಲಿ ಕೆಂಪು ಹಸಿರು ಬಾವುಟ, ಒಂದು ತಗಡಿನ ಡಬ್ಬಿಯಲ್ಲಿ ರೈಲು ಪಟಾಕಿ. ಈ ಪಟಾಕಿ ಹಬ್ಬದ್ದಲ್ಲ. ಅಪಾಯ ಕಂಡರೆ ಹಳಿಯ ನೆತ್ತಿಗೆ ಕಟ್ಟುವುದು. ಚಕ್ರ ಅದರ ಮೇಲೆ ಹರಿದರೆ ಢಂ ಅನ್ನುತ್ತದೆ, ಡ್ರೈವರ್ ಗಾಡಿ ನಿಲ್ಲಿಸುತ್ತಾನೆ. ಬೊಮ್ಮಯ್ಯನ ಡಬ್ಬಿಯಲ್ಲಿ ಅವು ವರ್ಷಗಳಿಂದ ಹಾಗೇ ಕೂತಿದ್ದವು.

ಒಳ್ಳೆಯ ಮನುಷ್ಯ. ಸುತ್ತಿಗೆಯಿಂದ ನನ್ನನ್ನು ಒಮ್ಮೆ ತಟ್ಟಿ, ಬರುವ ಸದ್ದಿನಲ್ಲೇ ನನ್ನ ಕಷ್ಟಸುಖ ತಿಳಿಯುತ್ತಿದ್ದ. ಆದರೆ ಒಂದು ಚೌತಿ ಕಳೆದ ಮೇಲೆ ಅವನು ತಟ್ಟಿದ್ದನ್ನೇ ಮೂರು ಸಲ ತಟ್ಟತೊಡಗಿದ. ಬಗ್ಗಿ ಕಿವಿ ಹಚ್ಚಿದ. ಆ ಕಿವಿ ಬಿಟ್ಟು ಇನ್ನೊಂದು ಕಿವಿ ಹಚ್ಚಿದ. ಆಮೇಲೆ ಸುಮ್ಮನೆ ನನ್ನ ಮೇಲೆ ಕೂತುಬಿಟ್ಟ. ಬೊಮ್ಮಯ್ಯನಿಗೆ ಕಿವಿ ಹೋಗಿತ್ತು.

ಯಾರಿಗೂ ಹೇಳಲಿಲ್ಲ. ಕಿವಿ ಕೇಳದ ಕೀಮನ್ನನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂಬ ಹೆದರಿಕೆ. ಹೆದರಿಕೆ ಅಂದರೆ ಏನೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ, ಹಾಗಾಗಿ ನಾನು ಅವನನ್ನು ಬೈಯಲಿಲ್ಲ. ಅವನು ಒಂದು ಉಪಾಯ ಹುಡುಕಿಕೊಂಡ. ಸುತ್ತಿಗೆಯ ಕಬ್ಬಿಣವನ್ನು ನನ್ನ ಮೇಲೆ ಊರಿ, ಮರದ ಹಿಡಿಯ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಕಲ್ಲಿನಿಂದ ನನ್ನನ್ನು ಕುಟ್ಟುತ್ತಿದ್ದ. ಕಿವಿಗೆ ಬಾರದ ನಡುಕ ಹಲ್ಲಿನಿಂದ ತಲೆಬುರುಡೆಗೆ ಹತ್ತುತ್ತಿತ್ತು. ಗೌಡರಿಗೆ ಹಳಿಯ ಮೇಲೆ ಬಹಳ ಪ್ರೀತಿ ಬಂದಿದೆ, ಮುತ್ತು ಕೊಡುತ್ತಾರೆ ಎಂದು ಅಳಿವೆಕೇರಿಯ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಅವನೂ ನಗುತ್ತಿದ್ದ. ಅವರು ಏನು ಅಂದರೆಂದು ಕೇಳಿಸದೆಯೇ ನಗುತ್ತಿದ್ದ. ಯಾರು ಏನು ಹೇಳಿದರೂ ತಲೆ ಆಡಿಸುವುದು, ದೂರದಿಂದ ಕೂಗಿದರೆ ಕೈ ಎತ್ತುವುದು ಅವನಿಗೆ ರೂಢಿಯಾಗಿ ಹೋಯಿತು.

ಅದೇ ಹೊತ್ತಿಗೆ ಹೆಂಗಸರು ಲೈನಿನ ಮೇಲೆ ಮೀನು ಒಣಗಿಸಲು ಶುರುಮಾಡಿದ್ದರು. ಸೇತುವೆಯ ಆಚೆಗೆ ಏರಿ ಎತ್ತರವಾಗಿದೆ, ಎರಡೂ ಕಡೆಯಿಂದ ಗಾಳಿ, ಕಾದ ಜಲ್ಲಿ. ಹಳೇ ಬಲೆ ಹಾಸಿ ತಾರ್ಲೆ ಮೀನು ಹರವಿದರೆ ಎರಡು ದಿನದಲ್ಲಿ ಗರಿಗರಿ. ಇವರಿಗೆಲ್ಲ ಮುಂದಾಳು ಬುದವಂತಿ ಹರಿಕಂತ್ರ. ಅರವತ್ತು ದಾಟಿದ ಹೆಂಗಸು, ಎಡ ಮೊಣಕಾಲು ಮಡಚುವುದಿಲ್ಲ, ಬಾಯಿ ಮಾತ್ರ ಚುರುಕು. ಅವಳು ಒಂದು ಕಟ್ಟಳೆ ಮಾಡಿದ್ದಳು. ಬೆಳಿಗ್ಗೆ ಲೈನು ಹತ್ತಿದ ಕೂಡಲೇ ಹೆಬ್ಬೆರಳನ್ನು ನನ್ನ ನೆತ್ತಿಗೆ ಉಜ್ಜಿ ನೋಡುವುದು. ಬೆರಳು ಕೆಂಪಾದರೆ ತುಕ್ಕು ಹಾಗೇ ಇದೆ, ಗಾಡಿ ಓಡಾಡುವುದಿಲ್ಲ, ಹರವಬಹುದು. ಆ ಬೆರಳನ್ನು ಎಲ್ಲರಿಗೂ ತೋರಿಸಿದ ಮೇಲೆಯೇ ಬುಟ್ಟಿಗಳು ಸೇತುವೆ ದಾಟುತ್ತಿದ್ದವು.

ಒಂದು ದಿನ ಬೊಮ್ಮಯ್ಯನ ಎದುರಿಗೆ ನಿಂತು, ಇದರ ಮೇಲೆ ಇನ್ನು ರೈಲು ಬರುವುದುಂಟೋ ಎಂದು ಕೇಳಿಯೂ ಇದ್ದಳು. ಎದುರಿಗೆ ನಿಂತರೆ ಅವನು ತುಟಿ ನೋಡಿ ಅಷ್ಟಿಷ್ಟು ತಿಳಿಯುತ್ತಿದ್ದ.

"ಎಂತಾ ರೈಲು, ಬುದವಂತಕ್ಕ. ಬಂದ್ರೆ ನಂಗೆ ಮೊದ್ಲು ಹೇಳ್ತ್ರು. ನಾ ನಿಮ್ಗೆ ಹೇಳ್ತೆ. ನೀವು ಹರವಿ."

ಅವಳು ನಂಬಿದಳು. ಮೇಲಿನವರು ಬಂದು, ಈ ಲೈನು ಬಳಕೆಯಲ್ಲಿದೆಯೇ ಎಂದರೆ ಇದೇ ಬೊಮ್ಮಯ್ಯ, ಇದೆ ಸಾರ್, ಬೇಕಾದಾಗ ಗಾಡಿ ಬರುತ್ತದೆ ಎನ್ನುತ್ತಿದ್ದ. ಇಲ್ಲ ಅಂದರೆ ತನ್ನನ್ನು ಎಲ್ಲಿಗೋ ಹಾಕಿಬಿಡುತ್ತಾರೆ, ಅಲ್ಲಿ ಕಿವಿಯ ಗುಟ್ಟು ಒಂದೇ ದಿನದಲ್ಲಿ ರಟ್ಟಾಗುತ್ತದೆ. ಈ ಎರಡು ಉತ್ತರವನ್ನೂ ನಾನು ಕೆಳಗೆ ಬಿದ್ದುಕೊಂಡು ಕೇಳುತ್ತಿದ್ದೆ. ನನ್ನ ತುಕ್ಕಿಗೆ ನಿನ್ನೆಯದು ಮಾತ್ರ ಗೊತ್ತು, ನಾಳೆಯದನ್ನು ಅದು ಹೇಗೆ ಹೇಳೀತು ತಾಯಿ ಎಂದು ಎಷ್ಟು ಸಲ ಅಂದುಕೊಂಡೆನೋ.

ಆ ದಿನ ಬಂದೇ ಬಿಟ್ಟಿತು.

ಬೆಳಗಿನ ಎಂಟು ಗಂಟೆ. ಬೊಮ್ಮಯ್ಯ ನನ್ನ ಪಕ್ಕದ ಬೋಲ್ಟು ಬಿಗಿಯುತ್ತಿದ್ದ. ಕೇದಗೆ ಮೆಳೆಯ ಆಚೆ ಮಣ್ಣಿನ ರಸ್ತೆಯಲ್ಲಿ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ವಿಠೋಬ ಸೈಕಲ್ ನಿಲ್ಲಿಸಿದ. ಇಲ್ಲಿ ಮೊದಲಿನಿಂದ ಇದೇ ಪದ್ಧತಿ. ವಿಠೋಬ ರಸ್ತೆಯಿಂದ ಕೂಗಿ ಹೇಳುವುದು, ಕೀಮನ್ ಕೈ ಎತ್ತುವುದು, ವಿಠೋಬ ವಾಪಸ್ ಹೋಗಿ ತಿಳಿಸಿ ಬಂದೆ ಎನ್ನುವುದು. ಹತ್ತು ಗಂಟೆಗೆ ಗಾಡಿ ಇದೆ, ಲಾರಿಗೆ ಹಿಡಿಸದ ಹಡಗಿನ ಉದ್ದನೆ ಉಕ್ಕಿನ ದಂಡ ಬರುತ್ತಿದೆ, ಹೆಂಗಸರನ್ನು ಲೈನಿಗೆ ಬಿಡಬೇಡ ಎಂದು ಅವನು ಎರಡು ಸಲ ಕೂಗಿದ. ಬೊಮ್ಮಯ್ಯನಿಗೆ ಕಂಡದ್ದು ಸೈಕಲ್ಲು ಮತ್ತು ಬಾಯಿ ತೆರೆದ ಮನುಷ್ಯ. ನಮಸ್ಕಾರ ಇರಬೇಕು ಎಂದುಕೊಂಡು ಕೈ ಎತ್ತಿದ. ವಿಠೋಬ ಹೋದ.

ನನಗೆ ಕೇಳಿಸಿತ್ತು! ಲೈನಿನ ಉದ್ದಕ್ಕೂ ಆ ಮಾತು ಕೇಳಿಸಿದ್ದು ನನಗೊಬ್ಬನಿಗೇ. ಮೈಯೆಲ್ಲ ತಣ್ಣಗಾಯಿತು. ಬೊಮ್ಮಯ್ಯ ಸುತ್ತಿಗೆ ಹೆಗಲಿಗೇರಿಸಿ, ಸೇತುವೆ ದಾಟಿ, ಡಾಕ್‌ಯಾರ್ಡಿನ ಗೇಟಿನ ಕಡೆಗೆ ನಿಧಾನ ನಡೆದುಹೋದ.

ಸ್ವಲ್ಪ ಹೊತ್ತಿಗೆ ಹೆಂಗಸರು ಬಂದರು. ಬುದವಂತಿ ಬಗ್ಗಿ ಹೆಬ್ಬೆರಳು ಉಜ್ಜಿದಳು. ಇವತ್ತೊಂದು ದಿನ ಕೆಂಪಾಗಬೇಡ ಎಂದು ನನ್ನ ಮೈಯನ್ನು ನಾನೇ ಬೇಡಿಕೊಂಡೆ. ತುಕ್ಕು ನನ್ನ ಮಾತು ಕೇಳುತ್ತದೆಯೇ? ಬೆರಳು ಕುಂಕುಮದಷ್ಟು ಕೆಂಪಾಯಿತು. ಎತ್ತಿ ತೋರಿಸಿದಳು. ಒಂಬತ್ತು ಬುಟ್ಟಿಗಳು ಸೇತುವೆ ದಾಟಿದವು.

ಮುಂದಿನ ಒಂದೂವರೆ ಗಂಟೆಯನ್ನು ನಾನು ಹೇಗೆ ಕಳೆದೆನೆಂದು ಕೇಳಬೇಡಿ. ಬಿಸಿಲೇರಿತು, ಆಚೆ ಏರಿಯ ಮೇಲಿಂದ ಅವರ ನಗು ತೇಲಿಬಂತು. ಹತ್ತಕ್ಕೆ ಸ್ವಲ್ಪ ಮುಂಚೆ, ಕಾಲುದಾರಿಯ ಬಾಯಲ್ಲಿ ಬಿಟ್ಟುಬಂದ ಗಂಜಿಯ ಪಾತ್ರೆ ತರಲು ಬುದವಂತಿ ಒಬ್ಬಳೇ ಹಿಂದಕ್ಕೆ ಹೊರಟಳು. ಸೇತುವೆಗೆ ಕಟಕಟೆ ಇಲ್ಲ, ಪಕ್ಕಕ್ಕೆ ಸರಿದು ನಿಲ್ಲಲು ಜಾಗವಿಲ್ಲ. ಕೆಳಗೆ ಇಳಿತದ ನೀರು, ಚಿಪ್ಪು ಅಂಟಿದ ಬಂಡೆಗಳು. ಹಳಿಯಡಿ ಅಡ್ಡ ಹಾಸಿದ ಒಂದು ಸ್ಲೀಪರಿನ ಮೇಲೆ ಒಳ್ಳೆಯ ಕಾಲು ಇಟ್ಟು, ಮಡಚದ ಕಾಲನ್ನು ಎಳೆದುಕೊಂಡು, ಮತ್ತೊಂದು ಸ್ಲೀಪರ್. ಆಗಲೇ ನನ್ನ ಹಿಂದಿನ ಹಳಿ ನಡುಗಿತು. ಮರುಕ್ಷಣ ನಾನು ನಡುಗಿದೆ. ಗಾಡಿ ಸ್ಟೇಷನ್ ಬಿಟ್ಟಿತ್ತು.

ಎಂಜಿನ್ನು ಹಿಂದೆ ಇತ್ತು. ಡಾಕ್‌ಯಾರ್ಡಿನೊಳಗೆ ಎಂಜಿನ್ ತಿರುಗಿಸುವ ಜಾಗವಿಲ್ಲದ್ದರಿಂದ ಯಾವಾಗಲೂ ವ್ಯಾಗನ್‌ಗಳನ್ನು ಮುಂದೆ ಮಾಡಿ ನೂಕಿಕೊಂಡೇ ಬರುತ್ತಾರೆ. ಮುಂದಿನ ವ್ಯಾಗನ್ನಿನಲ್ಲಿ ಗಾರ್ಡ್ ಬಾವುಟ ಹಿಡಿದು ನಿಂತಿರುತ್ತಾನೆ ನಿಜ. ಆದರೆ ತೋಪಿನ ತಿರುವು ಮುಗಿಯುವ ತನಕ ಅವನಿಗೆ ಸೇತುವೆ ಕಾಣುವುದಿಲ್ಲ. ಅವನು ಅಲ್ಲಿಂದ ನೋಡಿ, ಬಾವುಟ ಬೀಸಿ, ಅದು ಹಿಂದಿನ ಎಂಜಿನ್ನಿನ ಡ್ರೈವರನಿಗೆ ಕಾಣುವ ಹೊತ್ತಿಗೆ ಅಷ್ಟು ಭಾರದ ಗಾಡಿ ಹೋಗಿ ನಿಲ್ಲುವುದು ಸೇತುವೆಯ ಮೇಲೆಯೇ. ಸಿಳ್ಳೆ ಹಾಕಿದ್ದಾರೆ, ಸಮುದ್ರದ ಗಾಳಿ ಅದನ್ನು ಹಿಂದಕ್ಕೆ ಹೊತ್ತೊಯ್ದಿದೆ.

ನನಗಿರುವುದು ನಡುಕ ಒಂದೇ. ನಡುಗಿದೆ. ಮುಂದಿನ ಹಳಿಗೆ ಕೊಟ್ಟೆ, ಅದು ಅದರ ಮುಂದಿನದಕ್ಕೆ ಕೊಟ್ಟಿತು, ನಡುಕ ಸೇತುವೆ ದಾಟಿ ಆಚೆ ದಡ ಸೇರಿತು. ಆಚೆ ದಡದಲ್ಲಿ ಬೊಮ್ಮಯ್ಯ ಗೇಟಿನಿಂದ ವಾಪಸ್ ಬಂದು ನಿಂತಿದ್ದ. ಕಿವಿ ಹೋದಂದಿನಿಂದ ಅವನು ಸುತ್ತಿಗೆ ಕಚ್ಚಿ ನೋಡದೆ ಸೇತುವೆಗೆ ಕಾಲಿಟ್ಟವನಲ್ಲ. ಊರಿದ. ಕಚ್ಚಿದ.

ಅವನು ಓಡಿದ್ದು ನನಗೆ ಪಾದದಿಂದ ತಿಳಿಯಿತು. ಸುತ್ತಿಗೆ ಎಸೆದದ್ದೂ ತಿಳಿಯಿತು. ಐವತ್ತೆಂಟು ವರ್ಷದವನು ಎರಡೆರಡು ಸ್ಲೀಪರ್ ದಾಟಿಕೊಂಡು, ಬುದವಂತಿಯನ್ನು ಸವರಿಕೊಂಡೇ ಮುಂದೆ ಹಾರಿ ಬಂದ. ಅವಳು ಗಾಬರಿಯಿಂದ ಏನೋ ಅಂದಳು, ಅವನಿಗೆಲ್ಲಿ ಕೇಳಬೇಕು? ನನ್ನ ಬಳಿ ಬಂದು ಮಂಡಿಯೂರಿ ಡಬ್ಬಿ ತೆಗೆದ. ಅವಸರಕ್ಕೆ ಒಂದು ಪಟಾಕಿ ಜಲ್ಲಿಯೊಳಗೆ ಬಿತ್ತು. ಉಳಿದದ್ದು ಎರಡು. ನನ್ನ ಈ ತುದಿಗೊಂದು, ಆ ತುದಿಗೊಂದು ಕಟ್ಟಿ ಪಕ್ಕಕ್ಕೆ ಉರುಳಿದ. ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ಕೂತ ಮದ್ದು. ಸಿಡಿಯುತ್ತದೋ ಇಲ್ಲವೋ ದೇವರಿಗೇ ಗೊತ್ತು.

ತಿರುವಿನಲ್ಲಿ ಚಕ್ರ ಕಂಡಿತು. ಮೊದಲನೆಯ ಪಟಾಕಿಯ ಮೇಲೆ ಹರಿಯಿತು. ಸದ್ದೇ ಇಲ್ಲ. ಹಪ್ಪಳದ ಹಾಗೆ ಅಪ್ಪಚ್ಚಿಯಾಯಿತು ಅಷ್ಟೆ. ಮುಗಿಯಿತು ಎಂದುಕೊಂಡೆ. ಆಗ ಎರಡನೆಯದು ನನ್ನ ನೆತ್ತಿ ಸೀಳುವಂತೆ ಸಿಡಿಯಿತು. ಬ್ರೇಕಿನ ಕಬ್ಬಿಣ ಕಿರುಚಿತು. ಗಾಡಿ ಬೋಗಿ ಬೋಗಿಯಾಗಿ ನನ್ನ ಮೇಲೆ ಹರಿದು, ಹರಿದು, ಕೊನೆಗೆ ನಿಂತಿತು. ಮುಂದಿನ ಚಕ್ರಕ್ಕೂ ಸೇತುವೆಗೂ ನಡುವೆ ಉಳಿದದ್ದು ಎರಡು ಸ್ಲೀಪರ್.

ಸೇತುವೆಯ ನಡುವೆ ಬುದವಂತಿ ಕುಸಿದು ಕೂತು ಹಳಿಯನ್ನು ತಬ್ಬಿಕೊಂಡಿದ್ದಳು. ಅವಳ ಎದೆ ಹೊಡೆದುಕೊಳ್ಳುವುದು ಹಳಿಯಿಂದ ಹಳಿಗೆ ಸಾಗಿ ನನ್ನ ತನಕ ಬಂತು. ಅಂಥ ಸದ್ದನ್ನು ನಾನು ಅದುವರೆಗೆ ಹೊತ್ತಿರಲಿಲ್ಲ.

ಗಾರ್ಡ್ ಇಳಿದು ಬಂದು ಬೊಮ್ಮಯ್ಯನ ಮೇಲೆ ಹರಿಹಾಯ್ದ. ಎಂಟು ಗಂಟೆಗೇ ಹೇಳಿ ಕಳಿಸಿದ್ದೆವು, ಕೈ ಎತ್ತಿದ್ದೆಯಂತೆ, ಮತ್ತೆ ಇದೇನು ಎಂದ. ಬೊಮ್ಮಯ್ಯ ಅವನ ಬಾಯಿಯನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಬುದವಂತಿ ಹೆಂಗಸರ ಹೆಗಲು ಹಿಡಿದು ಬಂದಳು. ಅವಳನ್ನು ಕಂಡದ್ದೇ ಅವನ ಮುಖ ಮುದುಡಿತು.

"ನಂಗೆ ಕಿವಿ ಕೇಳೂದಿಲ್ಲ, ಬುದವಂತಕ್ಕ. ಮೂರು ವರ್ಷ ಆಯ್ತು. ಕೈ ಎತ್ತಿದ್ದು ಸುಳ್ಳು. ನಿಮ್ಗೆ ಹೇಳಿದ್ದೂ ಸುಳ್ಳು."

ಅವಳು ಅವನ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿ, ತುಟಿ ಕಾಣುವಂತೆ ಬಿಡಿಸಿ ಬಿಡಿಸಿ ಕೇಳಿದಳು. "ನಾ ಸತ್ತಿದ್ರೆ?"

ಆ ಸಲ ಅವನು ತಲೆ ಆಡಿಸಲಿಲ್ಲ. ಅವಳ ಕಾಲಬುಡದಲ್ಲಿ ಕೂತು ಮಗುವಿನಂತೆ ಅತ್ತ.

ಮೀನೆಲ್ಲ ಎತ್ತಿದ ಮೇಲೆ ಗಾಡಿ ಮುಂದೆ ಹೋಯಿತು. ಮರುದಿನ ಬೊಮ್ಮಯ್ಯ ತಾನೇ ಹೋಗಿ ಮೇಲಿನವರಿಗೆ ಎಲ್ಲ ಹೇಳಿಕೊಂಡನಂತೆ. ಅವರು ಬೈದು, ಆಮೇಲೆ ಡಾಕ್ಟರಿಗೆ ತೋರಿಸಿ, ಸ್ಟೇಷನ್ನಿನ ಉಗ್ರಾಣದಲ್ಲಿ ದೀಪ ಬಾವುಟ ಕಾಯಲು ಕೂರಿಸಿದರು. ಇಷ್ಟಕ್ಕಾಗಿ ಮೂರು ವರ್ಷ ಹೆದರಿ ಸತ್ತೆನಲ್ಲ ಎಂದು ಹೇಳಿಕೊಂಡು ಅವನು ಒಂದು ಮಧ್ಯಾಹ್ನ ಅಳಿವೆಕೇರಿಗೆ ಬಂದ. ಕೈಯಲ್ಲಿ ಒಂದು ಕೋಲಿತ್ತು. ಗಾಳಿಮರದ್ದು, ತುದಿಗೆ ಕಬ್ಬಿಣದ ಗೊರಸು. ಅದನ್ನು ನನ್ನ ಮೇಲೆ ಊರಿ ಕಚ್ಚುವುದು ಹೇಗೆಂದು ಬುದವಂತಿಗೆ ಕಲಿಸಿಕೊಟ್ಟು ಹೋದ.

ಅದಾಗಿ ಆರು ವರ್ಷ. ಹೊಸ ಕೀಮನ್ ವಾರಕ್ಕೊಮ್ಮೆ ಬಂದು ಹೋಗುತ್ತಾನೆ. ಗಾಡಿ ಮತ್ತೆ ಬಂದಿಲ್ಲ. ತುಕ್ಕು ಹಕ್ಕಳೆಯಾಗಿ ಏಳುತ್ತಿದೆ. ಲೈನು ಏರಿದ ಕೂಡಲೇ ಬುದವಂತಿ ಕೋಲು ಊರಿ ಕಚ್ಚುತ್ತಾಳೆ. ಉಳಿದವರು ಬುಟ್ಟಿ ಹೊತ್ತು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಮಧ್ಯಾಹ್ನದ ತನಕ ಸರದಿಯ ಮೇಲೆ ಒಬ್ಬರಾದರೂ ಕಚ್ಚುತ್ತಲೇ ಇರಬೇಕೆಂದು ಅವಳ ಹೊಸ ಕಟ್ಟಳೆ.

ಮೊನ್ನೆ ಕ್ಯಾಮೆರಾ ನೇತುಹಾಕಿಕೊಂಡ ಒಬ್ಬ ಬಂದು, ಈ ಲೈನು ಈಗಲೂ ಬಳಕೆಯಲ್ಲಿದೆಯೇ ಎಂದು ಅವಳನ್ನು ಕೇಳಿದ. ಬುದವಂತಿ ಬಾಯಿಂದ ಕೋಲು ತೆಗೆದಳು.

"ಈಗ ಇಲ್ಲ. ಇನ್ನೊಂದು ಗಳಿಗೆಗೆ ಮತ್ತೆ ಕಚ್ಚಿ ನೋಡಿ ಹೇಳ್ತೆ."

ಅವನು ನಕ್ಕು ಫೋಟೋ ತೆಗೆದುಕೊಂಡು ಹೋದ. ನನಗೆ ನಗು ಬರಲಿಲ್ಲ. ಅವಳು ಬಾಯಿ ತೆರೆದಾಗ ನಾನು ಕೆಳಗಿನಿಂದ ನೋಡಿದ್ದೆ. ಬುದವಂತಿಯ ಬಾಯಲ್ಲಿ ಈಗ ಉಳಿದಿರುವುದು ಎದುರಿನ ಎರಡು ಹಲ್ಲು. ಅದರಲ್ಲೂ ಒಂದು ಅಲುಗಾಡುತ್ತಿದೆ.